ಸೀರೆಯ ನಂಬರಿನಲ್ಲಿ ನೂಲು ಬಿಚ್ಚಿದವರ ಲೆಕ್ಕವೂ ಇರಲಿ: ಮುಖ್ಯಮಂತ್ರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ನಮಸ್ಕಾರಗಳು.

ಸರ್ಕಾರಿ ಮಳಿಗೆಯಲ್ಲಿ ಮೈಸೂರು ಸಿಲ್ಕ್ ಸೀರೆ ಕೊಂಡರೆ ಅದಕ್ಕೇ ಅಂತ ಒಂದು ನಂಬರು ಇರುತ್ತದೆ, ಹಾಲೋಗ್ರಾಂ ಇರುತ್ತದೆ. ಜರಿ ಅಸಲಿ ಚಿನ್ನದ್ದು, ರೇಷ್ಮೆ ಶುದ್ಧ ಎಂದು ನಿಮ್ಮದೇ ನಿಗಮ ಭರವಸೆ ಕೊಡುತ್ತದೆ. ಬೇರೆ ಅಂಗಡಿಗೆ ಹೋದರೆ ಕೇಂದ್ರ ರೇಷ್ಮೆ ಮಂಡಳಿಯ ಸಿಲ್ಕ್ ಮಾರ್ಕ್ ಚೀಟಿ ನೋಡಿ ಕೊಳ್ಳುತ್ತೇವೆ. ಅನುಮಾನ ಬಂದರೆ ಅಂಗಡಿಯವರೇ ಒಂದು ಎಳೆ ಕಿತ್ತು ಸುಟ್ಟು ತೋರಿಸುತ್ತಾರೆ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಪ್ಲಾಸ್ಟಿಕ್ ವಾಸನೆ ಬಂದರೆ ಮೋಸ. ಆದರೆ ರೇಷ್ಮೆಹುಳುವಿನ ಗೂಡನ್ನು ಬಿಸಿ ನೀರಿಗೆ ಹಾಕಿ ನೂಲು ಬಿಚ್ಚಿದವರು ಯಾರು, ಅವರಿಗೆ ಎಷ್ಟು ಕೂಲಿ ಸಿಕ್ಕಿತು, ಬೇಡ ಅನಿಸಿದರೆ ಕೆಲಸ ಬಿಟ್ಟು ಹೋಗುವಂತಿತ್ತೇ ಎಂದು ಹೇಳುವ ಚೀಟಿ ಯಾವ ಸೀರೆಯ ಮೇಲೂ ಇಲ್ಲ.

ನಾನು ನಿಮ್ಮನ್ನು ಕೇಳುವುದು ಇಷ್ಟೇ. ಸರ್ಕಾರ ತಾನು ಕೊಳ್ಳುವ ಮತ್ತು ತಾನು ಮಾರುವ ಸರಕಿನಲ್ಲಿ ಜೀತದ ದುಡಿಮೆ ಇಲ್ಲ ಎಂದು ಮೊದಲು ತೋರಿಸಬೇಕು. ನಮ್ಮಂಥ ಕೊಳ್ಳುವವರು ಅದನ್ನು ನೋಡಿ ತಿಳಿಯುವ ಹಾಗೆ ತೋರಿಸಬೇಕು.

ಜೀತ ಅಂದರೆ ಈಗ ಎಲ್ಲಿದೆ ಎಂದು ಅಧಿಕಾರಿಗಳು ಕೇಳುವುದುಂಟು. ಸಂಕೋಲೆ, ಬೀಗ, ಚಾಟಿ ಇದ್ದರೆ ಮಾತ್ರ ಜೀತ ಎಂಬ ಲೆಕ್ಕ ಅವರದು. ಕಾನೂನು ಹಾಗೆ ಹೇಳುವುದಿಲ್ಲ. 1976ರ ಜೀತ ಪದ್ಧತಿ ನಿರ್ಮೂಲನ ಕಾಯ್ದೆಯ ಪ್ರಕಾರ, ಮುಂಗಡ ಪಡೆದ ಕಾರಣಕ್ಕೆ ಒಬ್ಬ ಮನುಷ್ಯ ಬೇರೆ ಕಡೆ ಕೆಲಸ ಹುಡುಕುವ ಹಾಗಿಲ್ಲದಿದ್ದರೆ, ಇಷ್ಟ ಬಂದಲ್ಲಿ ಓಡಾಡುವ ಹಾಗಿಲ್ಲದಿದ್ದರೆ, ಅಥವಾ ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಯಬೇಕಾದರೆ ಅದು ಜೀತವೇ. ಇವುಗಳಲ್ಲಿ ಒಂದಿದ್ದರೂ ಸಾಕು. ಅಂಥ ಸಾಲ ಆ ಕಾಯ್ದೆ ಬಂದ ದಿನವೇ ತೀರಿತು, ಅದನ್ನು ವಸೂಲಿ ಮಾಡುವುದೇ ಅಪರಾಧ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹಸಿವು, ಬಡತನದ ಒತ್ತಾಯವೂ ಒತ್ತಾಯವೇ ಎಂದಿತು. ಆ ಕಟ್ಟಡಗಳನ್ನು ಕಟ್ಟಿಸುತ್ತಿದ್ದದ್ದು ಸರ್ಕಾರವೇ ಎಂಬುದನ್ನು ದಯವಿಟ್ಟು ನೆನಪಿಡಿ. ಗುತ್ತಿಗೆದಾರನ ಮೇಲೆ ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ ಎಂದು ಅವತ್ತೇ ತೀರ್ಮಾನವಾಗಿದೆ.

1976ರ ನಂತರ ಕರ್ನಾಟಕದಲ್ಲಿ ಗುರುತಿಸಿದ ಜೀತದಾಳುಗಳ ಸಂಖ್ಯೆ 66 ಸಾವಿರಕ್ಕೂ ಜಾಸ್ತಿ. ಕೇಂದ್ರ ಕಾರ್ಮಿಕ ಇಲಾಖೆಯ ಪಟ್ಟಿಯಲ್ಲಿ ರಾಜ್ಯವಾರು ದೊಡ್ಡ ಸಂಖ್ಯೆಗಳಲ್ಲಿ ಇದೂ ಒಂದು. ಇದನ್ನು ನಾಚಿಕೆ ಎಂದು ನಾನು ನೋಡುವುದಿಲ್ಲ, ಹುಡುಕಿದ್ದರಿಂದ ಸಿಕ್ಕರು. ದೇವರಾಜ ಅರಸರ ಕಾಲದಲ್ಲಿ ಜೀತ ಬಿಡಿಸುವುದು, ಬಡವರ ಸಾಲ ಮನ್ನಾ ಮಾಡುವುದು ಸರ್ಕಾರದ ನಿಜವಾದ ಕೆಲಸವಾಗಿತ್ತು. ಆಮೇಲೂ ಜೀವಿಕದಂಥ ಸಂಘಟನೆಗಳು ಹಳ್ಳಿ ಹಳ್ಳಿ ಸುತ್ತಿ ಜೀತದಾಳುಗಳನ್ನು ಗುರುತಿಸಿ, ಅವರಿಂದಲೇ ಅರ್ಜಿ ಹಾಕಿಸಿದವು. ಆಗ ಹೆಚ್ಚಾಗಿ ಕಾಣುತ್ತಿದ್ದದ್ದು ಗೌಡರ ಹೊಲದಲ್ಲಿ, ಸಾಹುಕಾರರ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಇದ್ದ ಜೀತ. ಈಗಿನ ಜೀತ ಒಂದು ಸೀಸನ್‌ಗೆ ಬರುತ್ತದೆ, ರೈಲು ಹತ್ತಿ ಬರುತ್ತದೆ. ಹಾಗಾಗಿ ಕಣ್ಣಿಗೆ ಬೀಳುವುದು ಕಡಿಮೆ.

ಇಟ್ಟಿಗೆ ಗೂಡುಗಳನ್ನೇ ನೋಡಿ. ಒಡಿಶಾದ ಬಲಾಂಗೀರ್, ನುವಾಪಡಾ ಕಡೆಯ ಬಡ ಕುಟುಂಬಗಳಿಗೆ ಸರ್ದಾರ ಎನ್ನುವ ಮಧ್ಯವರ್ತಿ ಅಲ್ಲಿನ ಹೊಸ ಅಕ್ಕಿಯ ಹಬ್ಬದ ಆಸುಪಾಸಿನಲ್ಲಿ ಮುಂಗಡ ಕೊಡುತ್ತಾನೆ. ಗಂಡ, ಹೆಂಡತಿ, ದೊಡ್ಡ ಮಕ್ಕಳು ಎಲ್ಲ ಸೇರಿ ಒಂದು ಲೆಕ್ಕ. ತೆಲಂಗಾಣಕ್ಕೆ, ಆಂಧ್ರಕ್ಕೆ, ತಮಿಳುನಾಡಿಗೆ, ನಮ್ಮಲ್ಲಿಗೂ ಬರುತ್ತಾರೆ. ಮಳೆಗಾಲ ಶುರುವಾಗುವ ತನಕ ಮಣ್ಣು ಕಲಸಿ, ಅಚ್ಚು ಹೊಡೆದು, ಒಣಗಿಸಿ ಜೋಡಿಸುವುದು. ಕೂಲಿ ದಿನದ ಲೆಕ್ಕವಲ್ಲ, ಸಾವಿರ ಇಟ್ಟಿಗೆಗೆ ಇಷ್ಟು ಅಂತ. ಮಳೆಗೆ ಕರಗಿದ್ದು, ಒಡೆದದ್ದು ಲೆಕ್ಕಕ್ಕಿಲ್ಲ. ವಾರಕ್ಕೊಮ್ಮೆ ಅಕ್ಕಿ, ಬೇಳೆಗೆ ಒಂದಿಷ್ಟು ಕೈಗೆ ಕೊಡುತ್ತಾರೆ, ಉಳಿದದ್ದು ಪುಸ್ತಕದಲ್ಲಿ. ಪುಸ್ತಕ ಮಾಲೀಕರ ಹತ್ತಿರ. ಕೆಲಸ ಮಾಡಿದವರಿಗೆ ಕನ್ನಡ ಓದಲು ಬರುವುದಿಲ್ಲ, ಕೆಲವರಿಗೆ ಯಾವ ಭಾಷೆಯೂ ಓದಲು ಬರುವುದಿಲ್ಲ. ಸೀಸನ್ ಮುಗಿದಾಗ ಮುಂಗಡ ತೀರಿದೆಯೋ ಇಲ್ಲವೋ ಎಂದು ಹೇಳುವವರು ಯಾರು? ಮಗುವಿಗೆ ಜ್ವರ ಬಂದು ಮಧ್ಯದಲ್ಲಿ ಊರಿಗೆ ಹೊರಡುತ್ತೇವೆ ಅಂದರೆ, ಮುಂಗಡ ತೀರಿಸಿ ಹೋಗು ಎಂಬ ಉತ್ತರ. ಬೀಗ ಬೇಕಾಗಿಲ್ಲ, ಆ ಒಂದು ಮಾತು ಸಾಕು.

ನಮ್ಮ ಮನೆ ಕಟ್ಟಿಸುವಾಗ ಇಟ್ಟಿಗೆ ತಂದುಕೊಟ್ಟ ಏಜೆಂಟರನ್ನು ನಾನು ಕೇಳಿದೆ, ಈ ಗೂಡಿನಲ್ಲಿ ಯಾರು ಕೆಲಸ ಮಾಡುತ್ತಾರೆ, ಅವರಿಗೆ ಹೇಗೆ ಕೂಲಿ ಕೊಡುತ್ತಾರೆ ಎಂದು. ಅವರಿಗೆ ಸಿಟ್ಟು ಬರಲಿಲ್ಲ, ನಿಜವಾಗಿ ಆಶ್ಚರ್ಯವಾಯಿತು. ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ಬಡಿದು, ಸೌಂಡ್ ನೋಡಿ ಮೇಡಂ, ಒಳ್ಳೇ ಬೆಂದ ಮಾಲು ಅಂದರು. ಮೇಸ್ತ್ರಿ ಒಂದು ಇಟ್ಟಿಗೆಯನ್ನು ನೀರಲ್ಲಿ ನೆನೆಸಿ ನೋಡಿದರು. ಗುಣಮಟ್ಟದ ಪರೀಕ್ಷೆ ಎಲ್ಲರಿಗೂ ಗೊತ್ತು. ನನ್ನ ಪ್ರಶ್ನೆಗೆ ಉತ್ತರ ಆ ಏಜೆಂಟರ ಹತ್ತಿರ ಇರಲಿಲ್ಲ. ಅವರು ಬಚ್ಚಿಡುತ್ತಿದ್ದರು ಅಂತ ನನಗೆ ಅನಿಸಲಿಲ್ಲ. ಅಂಥ ಮಾಹಿತಿ ಇಟ್ಟುಕೊಳ್ಳಬೇಕು ಎಂದು ಅವರಿಗೆ ಯಾರೂ ಯಾವತ್ತೂ ಹೇಳಿಲ್ಲ.

ಇಲ್ಲೇ ನನ್ನ ವಾದ ಇರುವುದು, ಸ್ವಾಮಿ. ನ್ಯಾಯವಾಗಿ ತಯಾರಾದ ವಸ್ತುವನ್ನೇ ಕೊಳ್ಳಿ ಎಂದು ಜನರಿಗೆ ಹೇಳುವುದು ಸುಲಭ. ನಾನೂ ಹೇಳುತ್ತೇನೆ. ಕಾಫಿಪುಡಿಯ ಮೇಲೆ ಫೇರ್‌ಟ್ರೇಡ್ ಗುರುತು ಇದೆಯಾ ನೋಡಬಹುದು. ಜಮಖಾನೆ, ಕಾರ್ಪೆಟ್ ಕೊಳ್ಳುವವರು ಗುಡ್‌ವೀವ್ ಚೀಟಿ ನೋಡಬಹುದು. ಕೈಲಾಶ್ ಸತ್ಯಾರ್ಥಿಯವರು 1994ರಲ್ಲಿ ರಗ್‌ಮಾರ್ಕ್ ಎಂಬ ಹೆಸರಲ್ಲಿ ಶುರು ಮಾಡಿದ್ದು ಅದು. ಮಕ್ಕಳ ದುಡಿಮೆ ಇಲ್ಲ ಎಂಬ ಆ ಚೀಟಿಗೆ ನಂಬರು ಇದೆ, ನಂಬರಿನಿಂದ ಮಗ್ಗದ ತನಕ ಹೋಗಬಹುದು. ಹೆಗ್ಗೋಡಿನ ಚರಕದ ಬಟ್ಟೆ ಕೊಂಡರೆ ನೇಯ್ದ, ಬಣ್ಣ ಹಾಕಿದ ಹೆಂಗಸರೇ ಆ ಸಹಕಾರ ಸಂಘದ ಸದಸ್ಯರು ಎಂಬುದು ಗೊತ್ತಿರುತ್ತದೆ. ಆದರೆ ಮನೆಗೆ ಬೇಕಾದ ಇಟ್ಟಿಗೆ, ಜಲ್ಲಿ, ಮಕ್ಕಳ ಯೂನಿಫಾರಂ, ಹಬ್ಬದ ಸೀರೆ ಇವೆಲ್ಲ ಇಂಥ ಗುರುತಿನ ಆಚೆ ಇವೆ. ತಮಿಳುನಾಡಿನ ನೂಲಿನ ಗಿರಣಿಗಳಲ್ಲಿ ಸುಮಂಗಲಿ ಎಂಬ ಹೆಸರಿನಲ್ಲಿ ನಡೆದದ್ದು ನಿಮಗೆ ಗೊತ್ತಿರುತ್ತದೆ. ಮೂರು ವರ್ಷ ಹಾಸ್ಟೆಲಿನಲ್ಲಿ ಇದ್ದು ದುಡಿದರೆ ಕೊನೆಗೆ ಮದುವೆಗೆ ಇಡಿಗಂಟು ಕೊಡುತ್ತೇವೆ ಎಂದು ಹದಿಹರೆಯದ ಹುಡುಗಿಯರನ್ನು ಕರೆತರುತ್ತಿದ್ದರು. ಮಧ್ಯೆ ಬಿಟ್ಟರೆ ಗಂಟು ಹೋಯಿತು. ಆ ನೂಲಿನ ಬಟ್ಟೆ ನಮ್ಮ ಪೇಟೆಗೆ ಬಂದಾಗ ಅದನ್ನು ಗುರುತಿಸುವುದು ಹೇಗೆ? ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವ ಮನುಷ್ಯ ಎಷ್ಟು ಅಂಗಡಿಯಲ್ಲಿ ಎಷ್ಟು ಪ್ರಶ್ನೆ ಕೇಳಲು ಸಾಧ್ಯ? ಸರ್ಕಾರ ಕೇಳಿದರೆ ಉತ್ತರ ಬರುತ್ತದೆ. ಯಾಕೆಂದರೆ ಈ ರಾಜ್ಯದಲ್ಲಿ ನಿಮಗಿಂತ ದೊಡ್ಡ ಗಿರಾಕಿ ಇಲ್ಲ.

ದೊಡ್ಡ ಗಿರಾಕಿ ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಏಪ್ರಿಲ್‌ನಿಂದ ನಮ್ಮ ಗಾರ್ಮೆಂಟ್ ಕಾರ್ಮಿಕರಿಗೆ ಏರಬೇಕಿದ್ದ ತುಟ್ಟಿಭತ್ಯೆ ತಿಂಗಳಿಗೆ ಸುಮಾರು 417 ರೂಪಾಯಿ. ಸರ್ಕಾರವೇ ಅದನ್ನು ತಡೆಹಿಡಿಯಿತು, ಹೈಕೋರ್ಟ್ ಕೊಡಬೇಕು ಎಂದಿತು, ಆದರೂ ಕಾರ್ಖಾನೆಗಳು ಕೊಡಲಿಲ್ಲ. ಬಾಕಿ ಬಿದ್ದದ್ದು ಸುಮಾರು 4 ಲಕ್ಷ ಜನರಿಗೆ, ಅವರಲ್ಲಿ ಹೆಚ್ಚಿನವರು ಹೆಂಗಸರು. ಸಂಘಟನೆಗಳು ಬಿಡದೆ ಹೋರಾಡಿದವು. ಅಮೆರಿಕದ ಕಾರ್ಮಿಕ ಹಕ್ಕುಗಳ ಸಂಸ್ಥೆಯೊಂದು ಇದನ್ನು ಜಗತ್ತಿಗೆ ಹೇಳಿತು. ಬಟ್ಟೆ ಕೊಳ್ಳುವ ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಿತ್ತು, ಅವರು ಇಲ್ಲಿನ ಕಾರ್ಖಾನೆಗಳನ್ನು ಕೇಳಿದರು. 2022ರಲ್ಲಿ ಬಾಕಿ ಹಣ ಕಾರ್ಮಿಕರ ಖಾತೆಗೆ ಬರತೊಡಗಿತು. ನಮ್ಮ ಕಾನೂನು, ನಮ್ಮ ನ್ಯಾಯಾಲಯ ಹೇಳಿದರೂ ಬಾರದ ದುಡ್ಡು ಗಿರಾಕಿ ಕೇಳಿದ ಮೇಲೆ ಬಂತು. ನನಗೆ ಇದು ಸಂತೋಷದ ವಿಷಯವೂ ಹೌದು, ನೋವಿನ ವಿಷಯವೂ ಹೌದು. ಆ ಕೇಳುವ ಗಿರಾಕಿ ನಮ್ಮ ಸರ್ಕಾರವೇ ಆಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ಇನ್ನೊಂದು ಕಡೆಯಿಂದಲೂ ಇದು ನಿಮ್ಮ ಬಾಗಿಲಿಗೆ ಬರಲಿದೆ. ಬಲವಂತದ ದುಡಿಮೆಯಿಂದ ತಯಾರಾದ ಸರಕನ್ನು ಯುರೋಪಿನ ಮಾರುಕಟ್ಟೆಯಲ್ಲಿ ಮಾರುವಂತಿಲ್ಲ ಎಂಬ ನಿಯಮ 2024ರಲ್ಲಿ ಪಾಸಾಗಿದೆ, 2027ರ ಡಿಸೆಂಬರ್‌ನಿಂದ ಜಾರಿಗೆ ಬರುತ್ತದೆ. ಬೇರೆಯವರು ಕೇಳುವ ಮೊದಲು ನಮ್ಮ ಮನೆ ನಾವು ನೋಡಿಕೊಳ್ಳೋಣ.

ಹಾಗಾದರೆ ಏನು ಮಾಡಬೇಕು? ರೇಷ್ಮೆಯಿಂದಲೇ ಶುರು ಮಾಡಿ ಎನ್ನುತ್ತೇನೆ, ಯಾಕೆಂದರೆ ಅಲ್ಲಿ ಅರ್ಧ ಕೆಲಸ ಆಗಲೇ ಆಗಿದೆ. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಯಲ್ಲಿ ಲಾಟ್ ಲಾಟ್‌ಗೆ ಇ-ಹರಾಜು ನಡೆಯುತ್ತದೆ, ಯಾವ ರೈತರ ಗೂಡು ನೂಲು ಬಿಚ್ಚಿಸುವ ಯಾವ ರೀಲರ್‌ಗೆ ಹೋಯಿತು ಎಂಬ ದಾಖಲೆ ಇದೆ. ನಿಮ್ಮ ರೇಷ್ಮೆ ನಿಗಮಕ್ಕೆ ಟಿ. ನರಸೀಪುರದಲ್ಲಿ ಸ್ವಂತ ನೂಲು ಬಿಚ್ಚಾಣಿಕೆ ಘಟಕ ಇದೆ, ಮೈಸೂರಿನಲ್ಲಿ ಸ್ವಂತ ನೇಯ್ಗೆ ಕಾರ್ಖಾನೆ ಇದೆ. ಸೀರೆಗೆ ನಂಬರು ಇದೆ. ಆ ನಂಬರು ಹಾಕಿ ನೋಡಿದರೆ ಗೂಡು ಯಾವ ಮಾರುಕಟ್ಟೆಯದು, ನೂಲು ಎಲ್ಲಿ ಬಿಚ್ಚಿದ್ದು, ಅಲ್ಲಿನ ಕೂಲಿ ಎಷ್ಟು ಎಂದು ಗಿರಾಕಿಗೆ ತಿಳಿಯುವ ಹಾಗೆ ಮಾಡಿ. ಚಿನ್ನದ ಜರಿಯನ್ನು ಹೆಮ್ಮೆಯಿಂದ ತೋರಿಸುವ ನಿಗಮ ಇದನ್ನೂ ಅಷ್ಟೇ ಹೆಮ್ಮೆಯಿಂದ ತೋರಿಸಬಹುದು.

ಆಮೇಲೆ ಖಾಸಗಿ ರೀಲಿಂಗ್ ಘಟಕಗಳ ಕಡೆ ಹೋಗಿ. ಅಲ್ಲಿ ಎಚ್ಚರ ಬೇಕು. 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ರಾಮನಗರ, ಮಾಗಡಿ ಕಡೆಯ ರೇಷ್ಮೆ ಘಟಕಗಳಲ್ಲಿ ಮುಂಗಡಕ್ಕೆ ದುಡಿಯುತ್ತಿದ್ದ ಮಕ್ಕಳ ಬಗ್ಗೆ ವರದಿ ಬರೆಯಿತು. ಬಿಸಿ ನೀರಲ್ಲಿ ಕೈಯಾಡಿಸಿ ಎಳೆ ಹುಡುಕಿ, ಬೊಬ್ಬೆ ಎದ್ದ ಪುಟ್ಟ ಕೈಗಳು. ಆಮೇಲೆ ದಾಳಿ ನಡೆದವು, ಮಕ್ಕಳನ್ನು ಶಾಲೆಗೆ ಸೇರಿಸಿದರು. ಒಳ್ಳೆಯದಾಯಿತು. ಆದರೆ ಮುಂಗಡ ಎಲ್ಲಿಂದ ಹುಟ್ಟಿತು ಎಂದು ನೋಡಿದವರು ಕಡಿಮೆ. ಮನೆಯಲ್ಲಿ ಆಪರೇಷನ್ ಆಗಬೇಕು, ಮಗಳ ಮದುವೆ ಇದೆ, ಬ್ಯಾಂಕು ಒಳಗೆ ಬಿಡುವುದಿಲ್ಲ, ರೀಲರ್ ಮಾತ್ರ ಕೈಗೆ ದುಡ್ಡು ಕೊಡುತ್ತಾನೆ. ಆ ಸಣ್ಣ ರೀಲರ್ ಕೂಡ ಸಾಲದಲ್ಲೇ ಇರುತ್ತಾನೆ. ಗೂಡಿನ ದರ ಏರಿದರೆ ಅವನಿಗೆ ನಡುಕ, ನೂಲಿನ ದರ ಇಳಿದರೆ ಅವನಿಗೆ ನಡುಕ. ಸುಮ್ನೆ ದಂಡ ಹಾಕಿ ಬಾಗಿಲು ಮುಚ್ಚಿಸಿದರೆ ಇಬ್ಬರೂ ಬೀದಿಗೆ ಬೀಳುತ್ತಾರೆ. ಬಿಚ್ಚಾಣಿಕೆ ಕಾರ್ಮಿಕರಿಗೆ ಮಾಲೀಕರ ಕೈಯಿಂದಲ್ಲದೆ ಸ್ತ್ರೀಶಕ್ತಿ ಸಂಘಗಳಿಂದ, ಸಹಕಾರಿ ಬ್ಯಾಂಕಿನಿಂದ ಸಣ್ಣ ಸಾಲ ಸಿಗುವ ದಾರಿ ಮಾಡಿ. ಮುಂಗಡದ ಬೇರು ಅಲ್ಲಿದೆ. ಇದೇ ಕಾರಣಕ್ಕೆ, ಕೊಳ್ಳುವುದನ್ನೇ ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಕೇಳಿ ಕೊಳ್ಳಿ ಎನ್ನುತ್ತೇನೆ.

ಇಟ್ಟಿಗೆ, ಕಲ್ಲು, ಬಟ್ಟೆಯ ವಿಷಯಕ್ಕೆ ಟೆಂಡರ್ ದಾರಿ ಇದೆ. 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯಡಿ ಕಡಿಮೆ ದರ ಕೂಗಿದವರಿಗೆ ಕೆಲಸ ಹೋಗುತ್ತದೆ. ಎಲ್ಲರೂ ಸಿಮೆಂಟು, ಡೀಸೆಲ್ ಒಂದೇ ದರಕ್ಕೆ ಕೊಳ್ಳುವಾಗ ಒಬ್ಬನ ದರ ಅಷ್ಟು ಕಡಿಮೆ ಆಗುವುದು ಎಲ್ಲಿಂದ? ಹೆಚ್ಚಾಗಿ ಕೂಲಿಯಿಂದಲೇ. ಟೆಂಡರ್‌ನಲ್ಲಿ ಸಾಮಾಜಿಕ ಷರತ್ತು ಹಾಕಲು ಬರುವುದಿಲ್ಲ ಎಂದು ಅಧಿಕಾರಿಗಳು ಹೇಳಿದರೆ ನಂಬಬೇಡಿ. ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಾತಿ ತಂದದ್ದು ಇದೇ ಕಾಯ್ದೆಗೆ ತಿದ್ದುಪಡಿ ಮಾಡಿ. ಗುತ್ತಿಗೆದಾರ ತನ್ನ ಇಟ್ಟಿಗೆ ಗೂಡು, ಕ್ವಾರಿ, ಗಿರಣಿಗಳ ಹೆಸರು ಕೊಡಬೇಕು. ಅಲ್ಲಿ ಕೂಲಿ ಕಾರ್ಮಿಕರ ಸ್ವಂತ ಖಾತೆಗೆ ಹೋಗಬೇಕು, ಗಂಡನ ಖಾತೆಗೆ ಹೆಂಡತಿಯ ಕೂಲಿ ಹಾಕುವುದಲ್ಲ. ಮುಂಗಡದ ಪುಸ್ತಕದ ಒಂದು ಪ್ರತಿ ಕಾರ್ಮಿಕರ ಕೈಯಲ್ಲಿ, ಅವರ ಭಾಷೆಯಲ್ಲಿ ಇರಬೇಕು. ಈ ಪಟ್ಟಿ ಯಾರು ಬೇಕಾದರೂ ನೋಡುವ ಹಾಗೆ ಪ್ರಕಟವಾಗಬೇಕು. ಆಗ ನನ್ನಂಥವರೂ ಅದೇ ಪಟ್ಟಿ ನೋಡಿ ಇಟ್ಟಿಗೆ ತರಿಸಬಹುದು.

ಇದರಿಂದ ದರ ಸ್ವಲ್ಪ ಏರುತ್ತದೆ. ಏರಲಿ. ಅದು ಇಷ್ಟು ದಿನ ಯಾರೋ ಬಡವರು ನಮ್ಮ ಪರವಾಗಿ ಕಟ್ಟುತ್ತಿದ್ದ ದುಡ್ಡು.

ಪ್ರತಿ ಜಿಲ್ಲೆಯಲ್ಲಿ, ಪ್ರತಿ ಉಪವಿಭಾಗದಲ್ಲಿ ಜೀತ ವಿಮುಕ್ತಿಯ ಜಾಗೃತಿ ಸಮಿತಿ ಇರಬೇಕು ಎಂದು 1976ರ ಕಾಯ್ದೆಯೇ ಹೇಳುತ್ತದೆ. ಯಾವ ಸಮಿತಿ ಯಾವಾಗ ಸಭೆ ಸೇರಿತು, ಯಾವ ಇಟ್ಟಿಗೆ ಗೂಡಿಗೆ ಭೇಟಿ ಕೊಟ್ಟಿತು, ಎಷ್ಟು ಜನರಿಗೆ ಬಿಡುಗಡೆ ಪತ್ರ ಸಿಕ್ಕಿತು ಎಂಬುದನ್ನು ಜಿಲ್ಲಾಡಳಿತದ ವೆಬ್‌ಸೈಟಿನಲ್ಲಿ ಹಾಕಿಸಿ. ಬಿಡುಗಡೆಯಾದವರಿಗೆ ತಕ್ಷಣ ಸಿಗುವ ನೆರವು ಈಗ 30,000 ರೂಪಾಯಿ ತನಕ. ಪೂರ್ತಿ ಪುನರ್ವಸತಿ ಹಣ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ, ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ. ಆದರೆ ಈ ಹಣವನ್ನು ಮೊಕದ್ದಮೆಯ ತೀರ್ಪಿಗೆ ಕಟ್ಟಿಹಾಕಿದ್ದಾರೆ. ಮಾಲೀಕನಿಗೆ ಶಿಕ್ಷೆಯಾಗುವ ತನಕ ಬಿಡುಗಡೆಯಾದ ಕುಟುಂಬ ಏನು ತಿನ್ನಬೇಕು? ಮತ್ತೆ ಅದೇ ಸರ್ದಾರನ ಹತ್ತಿರ ಮುಂಗಡಕ್ಕೆ ಹೋಗುತ್ತದೆ. ಕೇಂದ್ರ ಕೊಡುವ ತನಕ ಕಾಯದೆ ರಾಜ್ಯವೇ ಆ ಹಣ ಕೊಟ್ಟು, ಆಮೇಲೆ ಕೇಂದ್ರದಿಂದ ಪಡೆಯಲಿ.

ಇಷ್ಟನ್ನೂ ಒಂದೇ ಬಜೆಟ್‌ನಲ್ಲಿ ಮಾಡಿ ಎಂದು ಕೇಳುತ್ತಿಲ್ಲ. ಟೆಂಡರ್ ಷರತ್ತಿಗೆ ಮಾತ್ರ ಕಾಯಬೇಕಾದ ಕಾರಣ ನನಗೆ ಕಾಣುತ್ತಿಲ್ಲ. ಮುಂದಿನ ಸಲ ಶಾಲಾ ಸಮವಸ್ತ್ರದ ಬಟ್ಟೆ ತರಿಸುವ ಮೊದಲು, ನೂಲು ಯಾವ ಗಿರಣಿಯದು, ಅಲ್ಲಿ ದುಡಿದವರಿಗೆ ಕೂಲಿ ಹೇಗೆ ಸಂದಿತು ಎಂದು ಬರೆದುಕೊಡುವ ಒಂದು ಪುಟವನ್ನು ಟೆಂಡರ್ ಅರ್ಜಿಗೆ ಸೇರಿಸಲು ಆರ್ಥಿಕ ಇಲಾಖೆಗೆ ಆದೇಶ ಕೊಡಿ. ಆ ಆದೇಶದ ಪ್ರತಿಗಾಗಿ ಕಾಯುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ಈ ರಾಜ್ಯದ ಒಬ್ಬ ಗೃಹಿಣಿ, ಒಬ್ಬ ಗಿರಾಕಿ