ಬಂದೂಕು ಇರಲಿ ಸಾಹೇಬರೇ, ಜೊತೆಗೊಬ್ಬ ಮನುಷ್ಯನೂ ಇರಲಿ

ನಮ್ಮ ಕ್ಷೇತ್ರದ ಮಾನ್ಯ ಲೋಕಸಭಾ ಸದಸ್ಯರಿಗೆ,

ನಮಸ್ಕಾರ ಸಾಹೇಬರೇ. ಮೊನ್ನೆ ನಮ್ಮ ತಾಲ್ಲೂಕಿನಲ್ಲಿ ಯೋಧರ ಸನ್ಮಾನಕ್ಕೆ ನೀವು ಬಂದಿದ್ದಿರಿ. ಮೂರನೇ ಸಾಲಿನಲ್ಲಿ ಶಾಲು ಹೊದ್ದು ಕೂತಿದ್ದವರಲ್ಲಿ ನಾನೂ ಒಬ್ಬ. ಗಡಿ ಭದ್ರತಾ ಪಡೆ, ಅಂದರೆ ಬಿಎಸ್‌ಎಫ್‌ನಲ್ಲಿ 21 ವರ್ಷ ಇದ್ದು, ಹೆಡ್ ಕಾನ್‌ಸ್ಟೆಬಲ್ ಆಗಿ ಮನೆಗೆ ಬಂದವನು. ಸರ್ಕಾರದ ಕಾಗದದಲ್ಲಿ ನಮ್ಮಂಥವರು ‘ಮಾಜಿ ಸೈನಿಕ’ರ ಲೆಕ್ಕಕ್ಕೆ ಬರುವುದಿಲ್ಲ. ಅದು ಬೇರೆ ಕಥೆ. ಶಾಲು ಹೊದಿಸುವಾಗ ಯಾರೂ ಕಾಗದ ಕೇಳಲಿಲ್ಲ, ಸಂತೋಷ.

ಅವತ್ತು ನೀವು ಮೈಕಿನಲ್ಲಿ ಜೋರಾಗಿ ಹೇಳಿದಿರಿ. ಬಾಂಗ್ಲಾ ಗಡಿಯಲ್ಲಿ ನಮ್ಮ ಹುಡುಗರ ಕೈಗೆ ರಬ್ಬರ್ ಗುಂಡು ಕೊಟ್ಟು ನಿಲ್ಲಿಸಿದ್ದಾರೆ, ನಾಚಿಕೆಗೇಡು, ರೈಫಲ್ ಕೊಟ್ಟು ಕಂಡಲ್ಲಿ ಹೊಡೆಯಿರಿ ಅಂತ ಆರ್ಡರ್ ಮಾಡಬೇಕು ಅಂತ. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಎದ್ದು ಎರಡು ಮಾತು ಆಡೋಣ ಅಂದುಕೊಂಡೆ, ಅಷ್ಟರಲ್ಲಿ ಊಟಕ್ಕೆ ಕರೆದರು. ಅದಕ್ಕೇ ಈ ಪತ್ರ.

ಮೊದಲು ಒಂದು ತಪ್ಪು ತಿದ್ದಿಬಿಡುತ್ತೇನೆ. ರೈಫಲನ್ನು ಯಾರೂ ಕಿತ್ತುಕೊಂಡಿಲ್ಲ. 2011ರಲ್ಲಿ ಸರ್ಕಾರ ಆ ಗಡಿಯಲ್ಲಿ ಜೀವ ತೆಗೆಯದ ಆಯುಧಗಳನ್ನು ಮೊದಲು ಬಳಸಿ ಅಂತ ಹೇಳಿತು. ನಮ್ಮ ಪೋಸ್ಟಿಗೆ ಪಂಪ್ ಆಕ್ಷನ್ ಗನ್ ಬಂತು, ನಾವು ಪಿಎಜಿ ಅನ್ನುತ್ತಿದ್ದೆವು. ಅದರಲ್ಲಿ ರಬ್ಬರ್ ಗೋಲಿ. ಖಾರದ ಪುಡಿಯ ಗ್ರೆನೇಡ್ ಬಂತು, ಬರೀ ಸದ್ದು ಮತ್ತು ಬೆಳಕು ಮಾಡುವ ಗ್ರೆನೇಡೂ ಬಂತು. ಇನ್ಸಾಸ್ ರೈಫಲ್ ಇದ್ದ ಹಾಗೇ ಇತ್ತು. ನಾಕಾಕ್ಕೆ, ಅಂದರೆ ರಾತ್ರಿ ಕಾವಲಿಗೆ, ಇಬ್ಬರು ಹೋದರೆ ಒಬ್ಬನ ಹೆಗಲಿಗೆ ರೈಫಲ್, ಇನ್ನೊಬ್ಬನ ಕೈಗೆ ಪಿಎಜಿ. ಜೀವಕ್ಕೆ ಬಂದರೆ ರೈಫಲ್ ಎತ್ತಬಾರದು ಅಂತ ಯಾವ ಅಧಿಕಾರಿಯೂ ನಮಗೆ ಹೇಳಿರಲಿಲ್ಲ.

ನಾನು ಕಾವಲಿದ್ದ ಪಶ್ಚಿಮ ಬಂಗಾಳದ ಕೂಚ್ ಬೆಹಾರ್ ಜಿಲ್ಲೆಯನ್ನು ನೀವು ನೋಡಿರಲಿಕ್ಕಿಲ್ಲ. ಭತ್ತ, ಸೆಣಬು, ತಂಬಾಕು ಬೆಳೆಯುವ ಸೀಮೆ. ದಿನ್ಹಾಟಾ ಕಡೆ ತಂಬಾಕಿನ ಹೊಲ ಕಂಡಾಗಲೆಲ್ಲ ನನಗೆ ನಿಪ್ಪಾಣಿ ನೆನಪಾಗುತ್ತಿತ್ತು. ಬಾಂಗ್ಲಾದ ಜೊತೆ ನಮ್ಮ ಗಡಿ 4,096 ಕಿಲೋಮೀಟರ್, ಅದರಲ್ಲಿ ಪಶ್ಚಿಮ ಬಂಗಾಳದ ಪಾಲೇ 2,216. ಗಡಿ ಅಂದರೆ ನೀವು ಗುಡ್ಡ, ಹಿಮ, ಬಂಕರ್ ಅಂದುಕೊಂಡಿರಬಹುದು. ಇಲ್ಲಿ ಹಾಗಿಲ್ಲ. ಒಂದು ಪಿಲ್ಲರ್ ಕಲ್ಲು, ಅಷ್ಟು ದೂರಕ್ಕೆ ಇನ್ನೊಂದು ಕಲ್ಲು, ನಡುವೆ ಯಾರದೋ ಗದ್ದೆಯ ಬದು. ಅದೇ ಜೀರೋ ಲೈನ್. ನಮ್ಮ ತಂತಿಬೇಲಿ ಅಲ್ಲಿಂದ 150 ಗಜ ಒಳಗಿದೆ. ಅಂದರೆ ಬೇಲಿಯ ಆಚೆಗೂ ನಮ್ಮ ದೇಶವೇ, ನಮ್ಮ ರೈತರ ಹೊಲವೇ. ಕೆಲವು ಕಡೆ ಮನೆಗಳೂ ಇವೆ. ಬೆಳಗ್ಗೆ ಗೇಟ್ ತೆಗೆದಾಗ ಗುರುತಿನ ಚೀಟಿ ನಮ್ಮ ಕೈಗೆ ಕೊಟ್ಟು ಉಳುಮೆಗೆ ಹೋಗುತ್ತಾರೆ. ಸಂಜೆ ಗೇಟ್ ಹಾಕುವುದರೊಳಗೆ ಬರಬೇಕು.

ಎತ್ತು ತಪ್ಪಿಸಿಕೊಂಡು ಒಬ್ಬನಿಗೆ ತಡವಾಯಿತು ಅನ್ನಿ. ಕತ್ತಲಲ್ಲಿ ಬೇಲಿಯ ಆಚೆ ಓಡಾಡುತ್ತಿರುವವನು ಬಾಂಗ್ಲಾಕ್ಕೆ ಕದ್ದು ದನ ಸಾಗಿಸುವವನೋ, ಎತ್ತು ಹುಡುಕುತ್ತಿರುವ ನಮ್ಮವನೋ? ಮುನ್ನೂರು ಮೀಟರ್ ದೂರದಿಂದ ಅದನ್ನು ಹೇಳುವ ಕಣ್ಣು ನನಗಂತೂ ಇರಲಿಲ್ಲ. ಇನ್ಸಾಸ್ ಗುಂಡಿಗೆ ಮಾತ್ರ ಮುನ್ನೂರು ಮೀಟರ್ ಏನೇನೂ ಅಲ್ಲ.

ಒಂದು ಜನವರಿ ರಾತ್ರಿಯ ವಿಷಯ ಹೇಳುತ್ತೇನೆ. ಅಲ್ಲಿಯ ಮಂಜು ಹೇಗೆಂದರೆ ಲೈಟಿನ ಕಂಬ ಕಾಣುತ್ತದೆ, ಕಂಬದ ಬುಡ ಕಾಣುವುದಿಲ್ಲ. ಎರಡು ಗಂಟೆ ದಾಟಿತ್ತು. ಗೊರಸಿನ ಸಪ್ಪಳ ಕೇಳಿಸಿತು. ‘ಥಮ್! ಕೌನ್ ಆತಾ ಹೈ?’ ಅಂತ ಕೂಗಿದೆ. ಸಪ್ಪಳ ನಿಂತಿತು, ಉತ್ತರ ಬರಲಿಲ್ಲ. ಮತ್ತೆ ಕೂಗಿದೆ. ಏನೋ ಕಪ್ಪಗೆ ನನ್ನ ಕಡೆಗೇ ಸರಿದ ಹಾಗಾಯಿತು. ಸೇಫ್ಟಿ ತೆಗೆದೆ. ಬೆರಳು ಟ್ರಿಗರ್ ಮೇಲೆ ಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಬಿಹಾರದ ಹುಡುಗ ನನ್ನ ತೋಳು ಹಿಡಿದು ‘ರುಕೋ ಉಸ್ತಾದ್’ ಅಂದ. ಅವನ ಕಿವಿ ಚುರುಕು. ಅಳುವ ಸದ್ದು ಅವನಿಗೆ ಕೇಳಿಸಿತ್ತು, ನನಗೆ ಕೇಳಿಸಿರಲಿಲ್ಲ.

ಟಾರ್ಚ್ ಹಾಕಿಕೊಂಡು ಹೋದರೆ ಹದಿಮೂರು ಹದಿನಾಲ್ಕರ ಪೋರ. ಕೈಯಲ್ಲಿ ಕರುವಿನ ಹಗ್ಗ, ಚಪ್ಪಲಿ ಒಂದೇ ಕಾಲಿನಲ್ಲಿ. ನಮ್ಮ ಕಡೆಯ ಊರಿನವನೇ. ಬೇಲಿಯ ತನಕ ಹೊಡೆದುಕೊಂಡು ಹೋಗಿ ಬಿಟ್ಟರೆ ಮುನ್ನೂರು ರೂಪಾಯಿ ಕೊಡುತ್ತೇನೆ ಅಂತ ದಲ್ಲಾಳಿ ಹೇಳಿದ್ದನಂತೆ. ನಮ್ಮ ಸಂತೆಯಲ್ಲಿ ಕರು ಹೊಡೆದುಕೊಂಡು ಬಂದ ಹುಡುಗನಿಗೆ ಒಂದು ಚಹಾ ಕೊಡಿಸಿದರೆ ಹೆಚ್ಚು. ಮುನ್ನೂರು ಅಂದರೆ ಆ ಮನೆಗೆ ಎಷ್ಟು, ನೀವೇ ಯೋಚನೆ ಮಾಡಿ.

ನನ್ನ ಒಳ್ಳೆಯತನದಿಂದ ಅವನು ಬದುಕಿದ ಅಂದುಕೊಳ್ಳಬೇಡಿ. ನಾನು ಹೊಡೆಯುವವನೇ ಇದ್ದೆ. ಜೊತೆಯಲ್ಲಿ ಇನ್ನೊಬ್ಬ ಇದ್ದ, ಅಷ್ಟೇ.

ಜನವರಿ ಅಂದೆನಲ್ಲ. 2011ರ ಜನವರಿ 7ರಂದು ಅದೇ ಕೂಚ್ ಬೆಹಾರ್ ಗಡಿಯಲ್ಲಿ ಒಬ್ಬಳು 15 ವರ್ಷದ ಹುಡುಗಿ ಅಪ್ಪನ ಜೊತೆ ಬಿದಿರಿನ ಏಣಿ ಹಾಕಿ ಬೇಲಿ ಹತ್ತುತ್ತಿದ್ದಳು. ಬಾಂಗ್ಲಾದ ತನ್ನ ಊರಿಗೆ, ಮದುವೆಗೆ ಹೊರಟವಳು. ಬಟ್ಟೆ ಮುಳ್ಳುತಂತಿಗೆ ಸಿಕ್ಕಿಕೊಂಡಿತು. ನಮ್ಮ ಪಡೆಯ ಒಬ್ಬ ಜವಾನನ ಗುಂಡು ತಗುಲಿತು. ಹೆಣ ಗಂಟೆಗಟ್ಟಲೆ ಬೇಲಿಯ ಮೇಲೇ ತೂಗುತ್ತಿತ್ತು. ಆ ಫೋಟೋ ಜಗತ್ತೆಲ್ಲ ನೋಡಿತು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ, ಹತ್ತು ವರ್ಷಗಳಲ್ಲಿ 900ಕ್ಕೂ ಹೆಚ್ಚು ಬಾಂಗ್ಲಾದೇಶಿಗಳು ಬಿಎಸ್‌ಎಫ್ ಕೈಯಲ್ಲಿ ಸತ್ತಿದ್ದಾರೆ ಅಂತ ಆರೋಪ ಮಾಡಿತ್ತು. ರಬ್ಬರ್ ಗೋಲಿ ಬಂದದ್ದು ಇದೆಲ್ಲ ಆದ ಮೇಲೆ. ಯಾರೋ ದೆಹಲಿಯಲ್ಲಿ ಕೂತು ಸುಮ್ನೆ ನಮ್ಮ ಕೈ ಕಟ್ಟಲು ತಂದದ್ದಲ್ಲ.

ಆ ಜವಾನನ ವಿಚಾರಣೆ ನಮ್ಮದೇ ಪಡೆಯ ಕೋರ್ಟಿನಲ್ಲಿ ನಡೆಯಿತು. 2013ರಲ್ಲಿ ಬಿಡುಗಡೆ ಆಯಿತು. ಮತ್ತೆ ಪರಿಶೀಲಿಸಿ ಅಂದರು, 2015ರಲ್ಲೂ ಅದೇ ತೀರ್ಪು ಬಂತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಮಾತ್ರ ಹುಡುಗಿಯ ಮನೆಯವರಿಗೆ 5 ಲಕ್ಷ ರೂಪಾಯಿ ಕೊಡಿ ಅಂತ ಹೇಳಿತು. ಅವನು ತಪ್ಪಿತಸ್ಥನೋ ಅಲ್ಲವೋ, ನಾನು ಹೇಳಲಾರೆ. ಆ ಮಂಜಿನಲ್ಲಿ ಅವನಿಗೆ ಏನು ಕಂಡಿತೋ ಅವನಿಗೇ ಗೊತ್ತು. ಆದರೆ ನಮ್ಮವರೇ ಕೂತು ನಮ್ಮವನನ್ನು ಬಿಟ್ಟರೆ ಊರಿನವರು ನಂಬುತ್ತಾರೆಯೇ? ಹುಡುಗಿಯ ಮನೆಯವರಿಗೆ ನ್ಯಾಯ ಸಿಕ್ಕಿತು ಅನ್ನಿಸಲಿಲ್ಲ, ಜವಾನನ ಮೇಲಿನ ಕಲೆಯೂ ಹೋಗಲಿಲ್ಲ. ಹೊರಗಿನ ಕೋರ್ಟು ನಮ್ಮನ್ನು ಕಾಡುತ್ತದೆ ಅಂತ ನಮ್ಮಲ್ಲಿ ಅನೇಕರಿಗೆ ಭಯ. ನನಗೆ ಹಾಗನ್ನಿಸುವುದಿಲ್ಲ. ಹೊರಗಿನವರು ನೋಡಿ ಸರಿ ಅಂದರೆ ಅದು ಸರಿ. ಈಗ ಕೆಲವು ಜವಾನರ ಎದೆಗೆ ಕ್ಯಾಮೆರಾ ಕೊಡುತ್ತಿದ್ದಾರೆ ಅಂತ ಓದಿದೆ. ಒಳ್ಳೆಯ ಕೆಲಸ. ಅದು ಜವಾನನ ಸಾಕ್ಷಿಯೂ ಹೌದು.

ಇನ್ನೊಂದು ಮಗ್ಗುಲೂ ಇದೆ. ಅದನ್ನು ಮುಚ್ಚಿಟ್ಟರೆ ನಿಮಗೂ ನನಗೂ ವ್ಯತ್ಯಾಸವೇನು? ಪಿಎಜಿ ಬಂದ ಶುರುವಿನಲ್ಲಿ ಸಾಗಣೆಯವರಿಗೆ ಧೈರ್ಯ ಜಾಸ್ತಿ ಆಯ್ತು. ನಾನೇ ನೋಡಿದ್ದೇನೆ. ಕಲ್ಲು, ದೊಣ್ಣೆ, ದಾ ಹಿಡಿದುಕೊಂಡು ಬರುತ್ತಿದ್ದರು. ದಾ ಅಂದರೆ ನಮ್ಮ ಮಚ್ಚಿನಂಥದ್ದು. ಒಂದು ರಾತ್ರಿ ನಮ್ಮ ಒಡಿಶಾದ ಗೆಳೆಯನೊಬ್ಬನ ಮೇಲೆ ಬಿದ್ದರು. ಏಳೆಂಟು ಜನ. ಅವನ ಜೋಡಿಯವನು ರಜೆ ಮೇಲೆ ಹೋಗಿದ್ದ, ಬದಲಿ ಜನ ಸಿಕ್ಕಿರಲಿಲ್ಲ. ಒಬ್ಬನೇ ನಿಂತಿದ್ದ. ಅವತ್ತು ಅವನ ಹತ್ತಿರ ಇದ್ದದ್ದು ರಬ್ಬರ್ ಗೋಲಿ ಅಲ್ಲ ಸಾಹೇಬರೇ, ರೈಫಲ್. 20 ಗುಂಡಿನ ಮ್ಯಾಗಜಿನ್. ಮೂರು ಹೆಜ್ಜೆ ದೂರದಿಂದ ಹಾರಿದ್ದರು, ಹೆಗಲಿನಿಂದ ತೆಗೆಯುವಷ್ಟು ಹೊತ್ತು ಸಿಗಲಿಲ್ಲ. ಬೆಳಗ್ಗೆ ಕೋತ್‌ನಲ್ಲಿ, ಅಂದರೆ ಆಯುಧ ಇಡುವ ಕೋಣೆಯಲ್ಲಿ, ಗುಂಡು ಎಣಿಸಿದರು. 20ಕ್ಕೆ 20 ಇತ್ತು. ಅವನ ಕೈಯಲ್ಲಿ ಬೆರಳು ಮಾತ್ರ ಎರಡು ಕಡಿಮೆ ಇತ್ತು.

ಹಾಗಂತ ರಬ್ಬರ್ ಗೋಲಿಯನ್ನೂ ನಾನು ತಲೆ ಮೇಲೆ ಹೊತ್ತುಕೊಳ್ಳುವುದಿಲ್ಲ. ದೂರ ಇದ್ದವನಿಗೆ ಅದು ಸೊಳ್ಳೆ ಕಡಿದ ಹಾಗೆ. ತೀರಾ ಹತ್ತಿರದಿಂದ ತಲೆಗೋ ಎದೆಗೋ ಬಿದ್ದರೆ ಪ್ರಾಣಕ್ಕೆ ಕುತ್ತು. 2016ರಲ್ಲಿ ಕಾಶ್ಮೀರದಲ್ಲಿ ಇದೇ ಜಾತಿಯ ಗನ್ನಿನಿಂದ ಹಾರಿದ ಲೋಹದ ಪೆಲೆಟ್ ಎಷ್ಟು ಜನರ ಕಣ್ಣು ತೆಗೆಯಿತು, ನೀವು ಪೇಪರಿನಲ್ಲಿ ಓದಿರುತ್ತೀರಿ.

ಭಾಷಣದಲ್ಲಿ ಚೀನಾ ಗಡಿಯ ಗಲ್ವಾನ್ ಹೆಸರೂ ಎತ್ತಿದಿರಿ. 2020ರ ಜೂನ್ 15ರ ರಾತ್ರಿ ನಮ್ಮ 20 ಜನ ಸತ್ತದ್ದು ಬರಿಗೈಲಿ ಕಳಿಸಿದ್ದಕ್ಕೆ ಅಂದಿರಿ. ಆದರೆ ನಮ್ಮವರ ಹತ್ತಿರ ಆಯುಧ ಇತ್ತು ಅಂತ ವಿದೇಶಾಂಗ ಸಚಿವ ಜೈಶಂಕರ್ ಅವರೇ ಮೂರು ದಿನದಲ್ಲಿ ಹೇಳಿದ್ದರು. ಚೀನಾದ ಜೊತೆ 1996ರಲ್ಲಿ ಆದ ಒಪ್ಪಂದ ಇತ್ತು, ಮುಖಾಮುಖಿ ಆದಾಗ ಗುಂಡು ಹಾರಿಸದ ರೂಢಿ ಇತ್ತು. ಆ ಗಡಿಯ ಲೆಕ್ಕವೇ ಬೇರೆ, ಎದುರಿಗೆ ಇನ್ನೊಂದು ಸೈನ್ಯ ನಿಂತಿರುತ್ತದೆ. ಕೂಚ್ ಬೆಹಾರಿನಲ್ಲಿ ನನ್ನ ಎದುರಿಗೆ ಇದ್ದದ್ದು ಕರು ಹಿಡಿದ ಪೋರ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ.

ನನ್ನ ತಂಗಿಯ ಮಗ ಕೆನಡಾದಲ್ಲಿದ್ದಾನೆ. ಅಲ್ಲಿಯ ಗಡಿ ಅಧಿಕಾರಿಗಳ ಸೊಂಟಕ್ಕೆ ಪಿಸ್ತೂಲು ಬಂದದ್ದೇ 2007ರಿಂದ ಈಚೆಗಂತೆ. ಅದಕ್ಕೂ ಮೊದಲು, ಆಯುಧ ಇರುವ ಅಪಾಯದ ಮನುಷ್ಯ ಅಮೆರಿಕ ಕಡೆಯಿಂದ ಬರುತ್ತಿದ್ದಾನೆ ಅಂತ ಸುದ್ದಿ ಬಂದರೆ ಕೆಲಸ ಬಿಟ್ಟು ಎದ್ದು ಹೋಗುತ್ತಿದ್ದರಂತೆ! ನನಗೆ ನಗು ಬಂತು. ಆಮೇಲೆ ಯೋಚಿಸಿದೆ, ಅವರು ಕೇಳಿದ್ದು ನ್ಯಾಯವೇ. ಎದುರಿನವನ ಹತ್ತಿರ ಗನ್ ಇದ್ದರೆ ನನಗೂ ಬೇಕು. ಆದರೆ ಅಲ್ಲಿಯೂ ವಿಮಾನ ನಿಲ್ದಾಣದ ಒಳಗೆ ಕೂರುವ ಗಡಿ ಅಧಿಕಾರಿಗೆ ಪಿಸ್ತೂಲು ಕೊಟ್ಟಿಲ್ಲ, ಅಲ್ಲಿ ಪೊಲೀಸರು ಇರುತ್ತಾರೆ ಅಂತ. ಜಾಗ ನೋಡಿ, ಎದುರಿಗೆ ಬರುವವನನ್ನು ನೋಡಿ ಆಯುಧ ಕೊಟ್ಟಿದ್ದಾರೆ.

ನಮ್ಮಲ್ಲೂ ತಲೆ ಓಡಿಸುವವರು ಇದ್ದಾರೆ. 2023ರಲ್ಲಿ ನದಿಯಾ ಜಿಲ್ಲೆಯಲ್ಲಿ ನಮ್ಮ ಪಡೆಯ ಒಂದು ಬೆಟಾಲಿಯನ್ ಬೇಲಿಯ ಉದ್ದಕ್ಕೆ ಜೇನುಪೆಟ್ಟಿಗೆ ಇಟ್ಟಿತು. ತಂತಿ ಕತ್ತರಿಸಲು ಬಂದವನಿಗೆ ಜೇನು ಏಳುತ್ತದೆ, ಊರಿನವರಿಗೆ ತುಪ್ಪ ಸಿಗುತ್ತದೆ. ನಮ್ಮ ಮಲೆನಾಡಿನವರಿಗೆ ಕೇಳಿದ್ದರೆ ಇನ್ನೂ ಮೊದಲೇ ಹೇಳುತ್ತಿದ್ದರೇನೋ. ಜೇನು ಗಡಿ ಕಾಯುತ್ತದೆ ಅಂತ ನಾನು ಹೇಳುತ್ತಿಲ್ಲ. ತಂತಿಗೆ ಕೈ ಹಾಕಿದವನಿಗೆಲ್ಲ ಗುಂಡೇ ಉತ್ತರ ಆಗಬೇಕಿಲ್ಲ, ಅಷ್ಟೇ. ದನ ಸಾಗಿಸುವುದಕ್ಕೆ ನಮ್ಮ ಕಾನೂನಿನಲ್ಲಿ ಗಲ್ಲು ಇಲ್ಲ. ಬೇಲಿ ಹಾರುವುದಕ್ಕೂ ಇಲ್ಲ. ಕೋರ್ಟು ಕೊಡದ ಶಿಕ್ಷೆಯನ್ನು ನಿದ್ದೆಗೆಟ್ಟ ಕಾನ್‌ಸ್ಟೆಬಲ್ ಕೊಡಬೇಕೇ?

ಹಾಗಾದರೆ ನಿನಗೆ ಏನು ಬೇಕು ಅಂತ ಕೇಳುತ್ತೀರಿ. ರೈಫಲ್ ಇರಲಿ. ಗಡಿಯಲ್ಲಿ ನಿಂತವನಿಗೆ ಅದು ಬೇಕು, ನದಿಪಾತ್ರದಲ್ಲಿ ಬೇಲಿಯೇ ಇಲ್ಲದ ಕಡೆ ಇನ್ನೂ ಬೇಕು. ಆದರೆ ಒಬ್ಬನನ್ನೇ ನಿಲ್ಲಿಸಬೇಡಿ. ಯಾವ ರಾತ್ರಿಯೂ, ಯಾವ ಪೋಸ್ಟಿನಲ್ಲೂ ಬೇಡ. ಆ ಪೋರ ಬದುಕಿದ್ದು ಇಬ್ಬರು ಇದ್ದದ್ದಕ್ಕೆ, ನನ್ನ ಗೆಳೆಯನ ಬೆರಳು ಹೋದದ್ದು ಒಬ್ಬನೇ ಇದ್ದದ್ದಕ್ಕೆ. ಇಬ್ಬರನ್ನು ನಿಲ್ಲಿಸಬೇಕಾದರೆ ಜನ ಬೇಕು. ಜನ ಬೇಕಾದರೆ ಖಾಲಿ ಹುದ್ದೆ ತುಂಬಬೇಕು. ಹಗಲು ಒಂದು ಪಾಳಿ, ರಾತ್ರಿ ಮತ್ತೊಂದು ಪಾಳಿ ಅಂತ ನಾವು ಮಾಡಿದ ಡ್ಯೂಟಿಯನ್ನು ಮುಂದಿನ ಹುಡುಗರು ಮಾಡಬಾರದು. ನಾಲ್ಕು ತಾಸೂ ಮಲಗದವನ ಬೆರಳು ಟ್ರಿಗರ್ ಮೇಲೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಇದು ಮೈಕಿನಲ್ಲಿ ಹೇಳಿದರೆ ಚಪ್ಪಾಳೆ ಬೀಳುವ ವಿಷಯವಲ್ಲ, ಒಪ್ಪುತ್ತೇನೆ.

ಲೋಕಸಭೆಯಲ್ಲಿ ಪ್ರಶ್ನೆ ಕೇಳಬೇಕಾದರೆ 15 ದಿನ ಮೊದಲೇ ಬರೆದು ಕೊಡಬೇಕಂತೆ. ಮುಂದಿನ ಅಧಿವೇಶನದಲ್ಲಿ ಗೃಹ ಸಚಿವರಿಗೆ ಒಂದು ಪ್ರಶ್ನೆ ಹಾಕಿ. ಬಾಂಗ್ಲಾ ಗಡಿಯಲ್ಲಿ ರಾತ್ರಿ ಒಬ್ಬನೇ ಜವಾನ ನಿಲ್ಲುವ ಜಾಗ ಎಷ್ಟಿವೆ, ಅವನು ದಿನಕ್ಕೆ ಎಷ್ಟು ತಾಸು ನಿಲ್ಲುತ್ತಾನೆ, ಗುಂಡು ಹಾರಿದ ಪ್ರಕರಣಗಳಲ್ಲಿ ಎಷ್ಟನ್ನು ಪಡೆಯ ಹೊರಗಿನವರು ತನಿಖೆ ಮಾಡಿದ್ದಾರೆ ಅಂತ. ಪ್ರಶ್ನೆ ಬರೆಯಲು ಸಹಾಯ ಬೇಕಾದರೆ ನಿಮ್ಮ ಕಚೇರಿಗೆ ನಾನೇ ಬರುತ್ತೇನೆ. ಬುಧವಾರ ಒಂದು ಬಿಡಿ, ಅವತ್ತು ನಮ್ಮೂರ ಸಂತೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ,
ನಿವೃತ್ತ ಹೆಡ್ ಕಾನ್‌ಸ್ಟೆಬಲ್, ಗಡಿ ಭದ್ರತಾ ಪಡೆ