ಹೋಲ್ಡಾನ್‌ಗೆ ಒಂದು ಪತ್ರ, ಅಪ್ಪನ ಪಿಂಚಣಿ ಸಮೇತ

ಲೇ ಹೋಲ್ಡಾನ್,

ಕಂಡಕ್ಟರ್ ಸಾಹೇಬ, ನಿನ್ನ ವಾಯ್ಸ್ ಮೆಸೇಜ್ ಬಂತು. ಹಿಂದುಗಡೆ ಯಾರೋ "ಕಾರಟಗಿ, ಸಿಂಧನೂರು" ಅಂತ ಕೂಗುತ್ತಿದ್ದರು, ನಿನ್ನ ಬೈಗುಳ ಅರ್ಧ ಅದರಲ್ಲೇ ಮುಳುಗಿತು. ಮತ್ತೆ ಹಾಕಿ ಕೇಳಿದೆ. "ನಿಮಗೇನ್ ಕಡಿಮಿ ಆಗೇತಲೇ, ಮಾಸ್ತರ್ ಮಂದಿಗೆ?" ಕೊನೇ ಬೇಸಿಕ್‌ನ ಅರ್ಧ ಕೊಡುವ ಹಳೇ ಪಿಂಚಣಿ ಬೇಕು ಅಂತ ಬ್ಯಾನರ್ ಹಿಡಿದು ನಿಂತ ನನ್ನ ಫೋಟೊಗೆ ನೀನು ಕೊಟ್ಟ ಆಶೀರ್ವಾದ ಅದು. ಫೋನಿನಲ್ಲಿ ನಿನ್ನ ಜತೆ ವಾದಕ್ಕಿಳಿದು ಗೆದ್ದವರು ಕೊಪ್ಪಳ ಜಿಲ್ಲೆಯಲ್ಲಿ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ಅದೂ ನಾಲ್ಕು ಜನ ಓದುವ ಕಡೆ. ಇಲ್ಲಾದರೆ ಸ್ವಲ್ಪ ಮರ್ಯಾದೆ ಕೊಟ್ಟು ಬೈತೀಯ ಅನ್ನೋ ಆಸೆ.

ಮೊದಲು ನಿನ್ನ ಪಾಲಿನ ನ್ಯಾಯ ಒಪ್ಪಿಕೊಂಡುಬಿಡುತ್ತೇನೆ. 2023ರ ಮಾರ್ಚ್ 1ರಂದು ನಾವು ಸರ್ಕಾರಿ ನೌಕರರು ಅನಿರ್ದಿಷ್ಟಾವಧಿ ಮುಷ್ಕರ ಅಂತ ಹೊರಟೆವು. ಅದೇ ದಿನ ಶೇ. 17 ಮಧ್ಯಂತರ ಪರಿಹಾರದ ಆದೇಶ ಬಂತು, ಹಳೇ ಪಿಂಚಣಿ ನೋಡೋಕೆ ಒಂದು ಸಮಿತಿ ಅಂದರು, ಮುಷ್ಕರ ಮುಗಿಯಿತು. "ಟೆಂಟ್ ಹಾಕೋದ್ರಾಗ ಮುಗೀತೇನ್ಲೇ" ಅಂತ ನೀನು ಇವತ್ತಿಗೂ ಆಡಿಕೊಳ್ಳುತ್ತೀಯ. ನಿಮ್ಮದು ಹಾಗಲ್ಲ. ಆರನೇ ವೇತನ ಆಯೋಗದ ಸಂಬಳ ಬೇಕು ಅಂತ 2021ರ ಏಪ್ರಿಲ್ 7ಕ್ಕೆ ಬಸ್ಸು ನಿಲ್ಲಿಸಿದಿರಿ. ಯುಗಾದಿ ಅದರಲ್ಲೇ ಬಂದು ಹೋಯಿತು. ಕೊನೆಗೆ ಹೈಕೋರ್ಟ್ ಹೇಳಿದ ಮೇಲೆ ಗಾಡಿ ರಸ್ತೆಗೆ ಬಂದವು. ಅಷ್ಟರಲ್ಲಿ ಎಷ್ಟು ಜನ ಸಸ್ಪೆಂಡ್, ಎಷ್ಟು ಜನ ಡಿಸ್ಮಿಸ್, ಎಷ್ಟು ಜನಕ್ಕೆ ದೂರದ ಡಿಪೋಗೆ ವರ್ಗ. ನಾನು ಆಗ ಟಂಟಂ ಆಟೊ ಹತ್ತಿ ಶಾಲೆಗೆ ಹೋದ ವಿಷಯ ಇಲ್ಲಿ ಎತ್ತಬೇಡ. ಎತ್ತಿದರೆ ನಾನು ಹುಲಿಗಿ ಜಾತ್ರೆ ವಿಷಯ ಎತ್ತುತ್ತೇನೆ.

ಆಮೇಲೆ 2023ರಲ್ಲಿ ನಿಮ್ಮ ಸಂಬಳ ಶೇ. 15 ಏರಿಸಿದರು. 2020ರ ಜನವರಿಯಿಂದ ಲೆಕ್ಕ ಹಿಡಿದು 38 ತಿಂಗಳ ಹಿಂಬಾಕಿ ಕೊಡಿ ಅಂತ 2025ರ ಆಗಸ್ಟ್ 5ಕ್ಕೆ ಮತ್ತೆ ನಿಲ್ಲಿಸಿದಿರಿ. ಮತ್ತೆ ಹೈಕೋರ್ಟು. ಶಕ್ತಿ ಯೋಜನೆ ಬಂದ ಮೇಲೆ ಬಸ್ಸು ತುಂಬಿ ಬಾಗಿಲಿಗೆ ಜನ ಜೋತಾಡುತ್ತಾರೆ, ನೀನು ಆ ಗದ್ದಲದಲ್ಲಿ ನುಗ್ಗಿ ನುಗ್ಗಿ ಶೂನ್ಯ ಟಿಕೆಟ್ ಹರಿಯುತ್ತೀಯ, ನೀನು ಸಾರಿಗೆ ನಿಗಮದವನು, ಊರಿನವರಿಗೆ ಮಾತ್ರ ಸರ್ಕಾರಿ ನೌಕರ. ಕನ್ಯೆ ನೋಡೋಕೆ ಹೋದಾಗಲೂ ಹಾಗೇ ಹೇಳಿದ್ದೆವು. ನಾವು ಹೇಳಿದ್ದೆವು ಅಂದರೆ ನಾನೇ ಹೇಳಿದ್ದೆ.

ನಿನಗೆ ನಿವೃತ್ತಿ ಆದ ಮೇಲೆ ಬರೋದು ಪಿಎಫ್‌ನವರ ಇಪಿಎಸ್-95 ಪಿಂಚಣಿ. ಅದರ ಲೆಕ್ಕ ಓದುವವರಿಗೆ ಗೊತ್ತಿರಲಿ ಅಂತ ಬರೆಯುತ್ತೇನೆ. ನಿನ್ನ ಸಂಬಳ ಎಷ್ಟೇ ಇರಲಿ, ಮಾಮೂಲಿ ಲೆಕ್ಕಕ್ಕೆ 15,000 ರೂಪಾಯಿ ಮಾತ್ರ ಹಿಡಿಯುತ್ತಾರೆ. ಅದನ್ನು ಸರ್ವಿಸ್ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸು. 30 ವರ್ಷ ಬಾಗಿಲಲ್ಲಿ ನಿಂತು ಸೀಟಿ ಊದಿದರೂ ತಿಂಗಳಿಗೆ 7 ಸಾವಿರ ದಾಟಲ್ಲ. ತುಟ್ಟಿಭತ್ಯೆ ಇಲ್ಲ. ಕನಿಷ್ಠ ಪಿಂಚಣಿ 1,000 ರೂಪಾಯಿ ಅಂತ 2014ರಲ್ಲಿ ಮಾಡಿದ್ದು. ಆ ಸಾವಿರಕ್ಕೆ ಈಗ ಗ್ಯಾಸ್ ಸಿಲಿಂಡರ್ ತಂದರೆ ಉಳಿದದ್ದರಲ್ಲಿ ಮಿರ್ಚಿ ತಿಂದು ಬರಬಹುದು ಅಷ್ಟೇ.

ಹಾಗಂತ ನನಗೇನೂ ಕಡಿಮೆ ಇಲ್ಲ ಅನ್ನಬೇಡ. 2006ರ ಏಪ್ರಿಲ್ 1ರಿಂದ ಈಚೆ ನೌಕರಿಗೆ ಸೇರಿದವರಿಗೆ ರಾಜ್ಯದಲ್ಲಿ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ. ಬೇಸಿಕ್ಕೂ ಡಿಎನೂ ಸೇರಿಸಿ ತಿಂಗಳಿಗೆ ಶೇ. 10 ಮುರಿಯುತ್ತಾರೆ, ಸರ್ಕಾರ ತನ್ನದೊಂದಿಷ್ಟು ಹಾಕುತ್ತದೆ, ದುಡ್ಡು ಮಾರುಕಟ್ಟೆಗೆ ಹೋಗುತ್ತದೆ. ಕೊನೆಗೆ ಎಷ್ಟು ಬರುತ್ತದೆ ಅಂತ ಯಾರೂ ಬರೆದುಕೊಡಲ್ಲ. ನಮ್ಮ ಸ್ಟಾಫ್ ರೂಮಿನಲ್ಲಿ ಒಂದೇ ಪಾಠ ಮಾಡುವ ಇಬ್ಬರು ಅಕ್ಕಪಕ್ಕ ಕೂರುತ್ತಾರೆ. ಒಬ್ಬರು ಹಳೇ ಪಿಂಚಣಿ, ಒಬ್ಬರು ಹೊಸದು. ಹಳೇ ಪಿಂಚಣಿಯವರು ನಗೋದೇ ಬೇರೆ ಥರ. 2024ರ ಜನವರಿಯಲ್ಲಿ, ನೇಮಕಾತಿ ಅಧಿಸೂಚನೆ 2006ರ ಏಪ್ರಿಲ್‌ಗೆ ಮುಂಚೆ ಆಗಿದ್ದವರನ್ನು ಹಳೇ ಪಿಂಚಣಿಗೆ ಸೇರಿಸುವ ಆದೇಶ ಬಂತಲ್ಲ, ಆಗ ಒಬ್ಬ ಸರ್ ಈ ಬೆಂಚಿನಿಂದ ಆ ಬೆಂಚಿಗೆ ಹೋದರು. ಪೇಡೆ ಹಂಚಿದರು. ನನ್ನ ಅಧಿಸೂಚನೆ ಅದಾದ ಮೇಲಿನದು. ಪೇಡೆ ತಿಂದೆ.

ಅದೇ ರೂಮಿನ ಬಾಗಿಲ ಹತ್ತಿರ ಅತಿಥಿ ಶಿಕ್ಷಕರ ಕುರ್ಚಿ. ಅವರಿಗೆ ಹಳೇದೂ ಇಲ್ಲ, ಹೊಸದೂ ಇಲ್ಲ, ಬೇಸಿಗೆ ರಜೆಯಲ್ಲಿ ಸಂಬಳವೂ ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂದಾಗ ನಮ್ಮ ಭಾಗದ ಹುಡುಗರಿಗೆ ಇನ್ನು ನೌಕರಿಗೆ ಬರ ಇಲ್ಲ ಅಂತ ಪಟಾಕಿ ಹೊಡೆದಿದ್ದೆವು. ಮೀಸಲಾತಿ ಬಂತು, ಹುದ್ದೆ ಖಾಲಿ ಉಳಿದವು. ಈಗ ಯಾರನ್ನೂ ಕೆಲಸದಿಂದ ತೆಗೆಯೋ ರಗಳೆಯೇ ಇಲ್ಲ ನೋಡು, ನಿವೃತ್ತಿ ಆದವರ ಜಾಗಕ್ಕೆ ಬೇರೆಯವರನ್ನು ತುಂಬಿಕೊಳ್ಳದಿದ್ದರೆ ಆಯಿತು. ಅದಕ್ಕೆ ವಿರುದ್ಧ ಧರಣಿ ಕೂರೋರು ಯಾರು? ಹೊಸಪೇಟೆಯ ತುಂಗಭದ್ರಾ ಸ್ಟೀಲ್ ನೆನಪಿದೆಯಲ್ಲ, ಅಣೆಕಟ್ಟಿನ ಗೇಟು ಮಾಡುತ್ತಿದ್ದ ಸರ್ಕಾರಿ ಕಾರ್ಖಾನೆ. 2015ರ ಕೊನೆಯಲ್ಲಿ ಮುಚ್ಚೋದು ಅಂತ ಕೇಂದ್ರ ಸಂಪುಟ ತೀರ್ಮಾನ ಮಾಡಿತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಕೊಂಡು ಹೋಯಿತು. ಒಂದಕ್ಕೊಂದು ಸಂಬಂಧ ಇದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮುನಿರಾಬಾದ್ ಸೇತುವೆ ಮೇಲೆ ನಿಂತು ನೀರು ಸುಮ್ನೆ ಹರಿದು ಹೋಗೋದು ನೋಡುತ್ತಿದ್ದ ಮಂದಿ ಆ ಕಾರ್ಖಾನೆ ಮಾತು ತೆಗೆಯದೆ ಇರಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಯಾವ ಸಂಘದ ಕರಪತ್ರದಲ್ಲಾದರೂ ಸಿಗುತ್ತದೆ. ಬರೆಯೋಕೆ ಕೂತದ್ದು ಬೇರೆಯದಕ್ಕೆ.

ಹೋದ ಮಳೆಗಾಲದಲ್ಲಿ ಅಪ್ಪನನ್ನು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದೆವಲ್ಲ. ನೀನು ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಿದ್ದೆ, ವಾರ್ಡಿನ ಆಯಾ ನಿನ್ನನ್ನು ಸೆಕ್ಯೂರಿಟಿ ಅಂದುಕೊಂಡು ಬಾಗಿಲು ಕಾಯೋಕೆ ಹೇಳಿದಳು. ನೀನು ಬರೋದಕ್ಕೆ ಸ್ವಲ್ಪ ಮುಂಚೆ ಡಾಕ್ಟರು ಒಳಗಿಂದ ಬಂದು, ಈ ರಾತ್ರಿ ಕಳೆಯಲಿ ಆಮೇಲೆ ನೋಡೋಣ ಅಂದಿದ್ದರು. ಅಮ್ಮ ಅಳುತ್ತಿದ್ದಳು. ನಾನು ಕಾರಿಡಾರಿನ ಆ ತುದಿಗೆ ಹೋಗಿ ಫೋನು ತೆಗೆದೆ. ತಂಗಿಗೆ ಫೋನ್ ಮಾಡುತ್ತಿದ್ದಾನೆ ಅಂತ ನೀನು ಅಂದುಕೊಂಡೆ. ಇಲ್ಲ. ಕ್ಯಾಲ್ಕುಲೇಟರ್ ತೆಗೆದಿದ್ದೆ. ಅಪ್ಪನಿಗೆ ಬರೋದು ಕೊನೇ ಬೇಸಿಕ್‌ನ ಅರ್ಧ, ಅಪ್ಪ ಹೋದರೆ ಅಮ್ಮನಿಗೆ ಕುಟುಂಬ ಪಿಂಚಣಿ ಶೇ. 30. ಅರ್ಧದಿಂದ ಮೂವತ್ತಕ್ಕೆ ಇಳಿದರೆ ತಿಂಗಳಿಗೆ ಎಷ್ಟು ಕಡಿಮೆ ಆಗುತ್ತದೆ ಅಂತ ನೋಡುತ್ತಿದ್ದೆ. ಉತ್ತರವೂ ಬಂತು. ಅದರ ಮೇಲೆ ಡಿಎ ಹಾಕಿ ಇನ್ನೊಮ್ಮೆ ನೋಡಿದೆ.

ಯಾಕೆ ಅಂತ ಕೇಳು. ನನ್ನ ಸಂಬಳ ಮನೆ ಸಾಲದ ಕಂತಿಗೆ ಹೋಗುತ್ತದೆ. ಕಿರಾಣಿ, ಕರೆಂಟ್ ಬಿಲ್ಲು, ಹಾಲು, ಮಗಳ ಶಾಲೆ ಫೀಸು ಎಲ್ಲ ಅಪ್ಪನ ಪಿಂಚಣಿಯಲ್ಲಿ. (ಸರ್ಕಾರಿ ಶಾಲೆ ಮಾಸ್ತರನ ಮಗಳು ಫೀಸು ಕಟ್ಟಿ ಯಾವ ಶಾಲೆಗೆ ಹೋಗುತ್ತಾಳೆ ಅಂತ ದಯವಿಟ್ಟು ಯಾರೂ ಕೇಳಬೇಡಿ.) ಊರಿಗೆಲ್ಲ ನಾನು ಅಪ್ಪ ಅಮ್ಮನನ್ನು ನೋಡಿಕೊಳ್ಳುವ ಮಗ. ನಿನಗೂ ಹಾಗೇ ಅಂದುಕೊಳ್ಳೋಕೆ ಬಿಟ್ಟಿದ್ದೆ.

ಅಪ್ಪ ವಾರದಲ್ಲಿ ಎದ್ದು ಕೂತರು. ನವೆಂಬರಿನಲ್ಲಿ, ಬದುಕಿದ್ದೇನೆ ಅಂತ ತೋರಿಸುವ ಲೈಫ್ ಸರ್ಟಿಫಿಕೇಟ್‌ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬ್ಯಾಂಕಿಗೆ ಹೊರಟರು. ಬೆರಳು ಯಂತ್ರಕ್ಕೆ ಹತ್ತಲಿಲ್ಲ, ಸೀಮೆಸುಣ್ಣ ಹಿಡಿದು ಸವೆದಿದೆ ಅಂತ ಬ್ಯಾಂಕಿನ ಹುಡುಗಿಯನ್ನು ನಗಿಸಿದರು. ನಾನು ಪಕ್ಕದಲ್ಲಿ ನಿಂತು ಒಂದು ವಿಷಯ ಯೋಚಿಸುತ್ತಿದ್ದೆ, ಅದು ಇನ್ನೂ ಬಿಟ್ಟಿಲ್ಲ. ಅಪ್ಪ ಬದುಕಿದ್ದರೆ ಮನೆ ನಡೆಯುತ್ತದೆ, ಅದಕ್ಕೇ ಎಪ್ಪತ್ತು ದಾಟಿದರೂ ನಮ್ಮ ಮನೆಯಲ್ಲಿ ಯಾವ ತರಕಾರಿ ತರಬೇಕು ಅನ್ನೋದು ಅವರ ಮಾತು, ಬದನೆಕಾಯಿ ಅಂದರೆ ಬದನೆಕಾಯಿ. ನನಗೆ ಎಪ್ಪತ್ತಾದಾಗ ನನ್ನ ಮಗಳೂ ಯಾವುದೋ ಕಾರಿಡಾರಿನಲ್ಲಿ ಲೆಕ್ಕ ಹಾಕುತ್ತಾಳೆ. ನಾನು ಹೋದರೆ ಎಷ್ಟು ಕಡಿಮೆ ಆಗುತ್ತದೆ ಅಂತಲ್ಲ, ಇದ್ದರೆ ಎಷ್ಟು ಖರ್ಚು ಅಂತ. ನನ್ನ ಮಗಳು ಕೆಟ್ಟವಳಲ್ಲ. ನಾನೂ ಕೆಟ್ಟವನಲ್ಲ ಅಂದುಕೊಂಡಿದ್ದೇನೆ. ಬ್ಯಾನರ್ ಹಿಡಿದು ನಿಂತಾಗ ಘೋಷಣೆ ಕೂಗುತ್ತೇನೆ, ತಲೆಯಲ್ಲಿ ಓಡೋದು ಇದೇ. ನಿನ್ನದು ಅದಕ್ಕಿಂತ ಕಷ್ಟ ಅಂತಲೂ ಗೊತ್ತು. ನಿನ್ನ 7 ಸಾವಿರಕ್ಕೆ ನಿಮ್ಮ ಮನೆಯಲ್ಲಿ ಬದನೆಕಾಯಿ ಬೇಕು ಅನ್ನೋ ಅಧಿಕಾರ ಉಳಿಯುತ್ತದೆಯೋ ಇಲ್ಲವೋ. ಅದಕ್ಕೇ ನೀನು ಆ ಮೆಸೇಜಿನಲ್ಲಿ ಅಷ್ಟು ಸಿಟ್ಟಾಗಿದ್ದೀಯ ಅಂತ ಅನ್ನಿಸಿತು, ಅಲ್ವಾ? ಫೋನ್ ಮಾಡಿ ಕೇಳಬೇಕು ಅಂದುಕೊಂಡೆ, ಧೈರ್ಯ ಬರಲಿಲ್ಲ.

ಜಾಸ್ತಿ ಆಯಿತು. ಇಷ್ಟೆಲ್ಲ ಬರೆಯೋ ಆಲೋಚನೆ ಇರಲಿಲ್ಲ, ಮಧ್ಯಾಹ್ನದ ಬಿಸಿಲಿಗೆ ತಲೆ ಕೆಟ್ಟಿದೆ ಅಂದುಕೋ. ಮುಂದಿನ ಸಲ ನೀವು ಬಸ್ಸು ನಿಲ್ಲಿಸಿದರೆ ಟೆಂಟಿಗೆ ಬರುತ್ತೇನೆ, ಚಹಾ ಖರ್ಚು ನನ್ನದು. ನನ್ನದು ಅಂದರೆ ಅಪ್ಪನದು. ಅವರು ಈಗ ಗಟ್ಟಿ ಇದ್ದಾರೆ, ಪೇಪರಿನಲ್ಲಿ ಡಿಎ ಸುದ್ದಿ ಬಂದರೆ ಗೆರೆ ಎಳೆದು ಇಡುತ್ತಾರೆ, ನಿನ್ನನ್ನು ಕೇಳುತ್ತಿರುತ್ತಾರೆ. ಇನ್ನು ಓದುತ್ತಿರುವ ಉಳಿದವರಿಗೆ ಒಂದು ಮಾತು: ಅಪ್ಪ ನಿವೃತ್ತ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿದ್ದಾರೆ, ಅಡ್ಮಿನ್ ಕೂಡ ಅವರೇ, ಬಂದದ್ದನ್ನೆಲ್ಲ ಕಾಗುಣಿತ ತಿದ್ದಿ ಫಾರ್ವರ್ಡ್ ಮಾಡುತ್ತಾರೆ. ಇದನ್ನು ಅಲ್ಲಿಗೆ ಯಾರೂ ಕಳಿಸಬೇಡ್ರಪ್ಪ.

ನಿನ್ನ,
ಟಂಟಂ ಮಾಸ್ತರ