ಕೇದಾರ ಯಾತ್ರೆಯ ಯೋಜನೆ ಬದಲಿಸಿ ವಯಸ್ಸಾದವರನ್ನು ಅಪಾಯಕ್ಕೆ ದೂಡಿದ್ದರ ಬಗ್ಗೆ ದೂರು

ತೀರ್ಥಹಳ್ಳಿ
12 ಜೂನ್ 2024

ಇವರಿಗೆ,
ವ್ಯವಸ್ಥಾಪಕರು,
ಯಾತ್ರಾ ಸಂಸ್ಥೆ, ಶಿವಮೊಗ್ಗ

ಮಾನ್ಯರೇ,

ಮೇ ಕೊನೇ ವಾರ ನಿಮ್ಮ ಸಂಸ್ಥೆಯ ಮೂಲಕ ಕೇದಾರನಾಥ, ಬದರಿನಾಥ ಯಾತ್ರೆಗೆ ಹೋಗಿ ಬಂದವರಲ್ಲಿ ನಾನು, ನನ್ನ ಅಮ್ಮ ಮತ್ತು ದೊಡ್ಡಪ್ಪ ಇದ್ದೆವು. ಊರಿಗೆ ಬಂದ ಮೇಲೆ ನಿಮಗೆ ಫೋನ್ ಮಾಡಿ ಹೆಲಿಕಾಪ್ಟರ್ ದುಡ್ಡು ವಾಪಸ್ ಕೇಳಿದೆ. ಪ್ಲಾನ್ ಯಾಕೆ ಬದಲಾಯಿಸಿದಿರಿ ಅಂತಲೂ ಕೇಳಿದೆ. ಎರಡಕ್ಕೂ ನಿಮ್ಮಿಂದ ಬಂದ ಉತ್ತರ ಒಂದೇ: "ಶಿವ ಕರೆಸಿಕೊಳ್ಳಲಿಲ್ಲ ಮೇಡಂ, ನಾವೇನು ಮಾಡೋಕಾಗುತ್ತೆ?" ಆ ಮಾತು ಕೇಳಿದ ಮೇಲೆ ಸುಮ್ಮನಿರೋಕೆ ಆಗಲಿಲ್ಲ, ಅದಕ್ಕೇ ಈ ಪತ್ರ. ಅಮ್ಮನಿಗೆ ದರ್ಶನ ತಪ್ಪಿದ್ದಕ್ಕೆ ಶಿವನನ್ನು ಹೊಣೆ ಮಾಡಬೇಡಿ. ತಪ್ಪಿದ್ದು ನಿಮ್ಮ ಕೆಲಸದಿಂದ. ಹೇಗೆ ಅಂತ ಬರೆಯುತ್ತೇನೆ, ದಯವಿಟ್ಟು ಪೂರ್ತಿ ಓದಿ.

ಶಿವರಾತ್ರಿ ದಿನ ಊಖೀಮಠದಲ್ಲಿ ಕೇದಾರ ದೇವಸ್ಥಾನದ ಬಾಗಿಲು ತೆರೆಯುವ ದಿನ ನಿಗದಿಯಾಯಿತಲ್ಲ, ಅದಾದ ಮೇಲೆ ನಾವು ಮುಂಗಡ ಕಟ್ಟಿದೆವು. ಅಡಿಕೆ ಕೆಲಸ ಮುಗಿದಿರುತ್ತೆ, ಓಟು ಹಾಕಿಯೂ ಆಗಿರುತ್ತೆ, ಮಳೆ ಹಿಡಿಯೋದ್ರೊಳಗೆ ವಾಪಸ್ ಬಂದುಬಿಡಬಹುದು ಅನ್ನೋದು ನಮ್ಮ ಲೆಕ್ಕ. ಅವತ್ತು ನೀವು ಕೊಟ್ಟ ಕಾರ್ಯಕ್ರಮದ ಹಾಳೆ ನನ್ನ ಹತ್ತಿರ ಈಗಲೂ ಇದೆ. ಅದರ ಪ್ರಕಾರ ಹರಿದ್ವಾರದಿಂದ ಗುಪ್ತಕಾಶಿಗೆ ಹೋಗಿ ಅಲ್ಲಿ ಎರಡು ರಾತ್ರಿ ಇರಬೇಕಿತ್ತು. ನಡುವಿನ ದಿನ ವಿಶ್ರಾಂತಿ, ಆಗುವವರಿಗೆ ಊಖೀಮಠದ ಓಂಕಾರೇಶ್ವರ ದರ್ಶನ. ಆಮೇಲೆ ನಡಿಗೆ ಶುರುವಾಗುವ ಗೌರಿಕುಂಡದಲ್ಲಿ ಒಂದು ರಾತ್ರಿ. ಮಾರನೇ ದಿನ ನಡೆಯುವವರು ನಡೆಯುವುದು, ವಯಸ್ಸಾದವರು ಫಾಟಾದಿಂದ ಹೆಲಿಕಾಪ್ಟರ್‌ನಲ್ಲಿ ಹೋಗಿ ದರ್ಶನ ಮುಗಿಸಿ ಅವತ್ತೇ ಇಳಿಯುವುದು. ನಿಮ್ಮನ್ನು ಒಪ್ಪಿಕೊಂಡಿದ್ದೇ ಆ ಹಾಳೆ ನೋಡಿ. ನಿಮಗಿಂತ ಕಡಿಮೆ ದುಡ್ಡಿಗೆ ಕರೆದುಕೊಂಡು ಹೋಗುವವರು ಶಿವಮೊಗ್ಗದಲ್ಲೇ ಇದ್ದರು. ಅವರ ಪ್ಲಾನ್‌ನಲ್ಲಿ ವಿಶ್ರಾಂತಿಯ ದಿನ ಇರಲಿಲ್ಲ.

ನಡೆದಿದ್ದೇ ಬೇರೆ. ಹರಿದ್ವಾರದಲ್ಲಿ ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಟೂರ್ ಮ್ಯಾನೇಜರ್ ಬಂದು "ನಾಳೆ ಸೀದಾ ಸೋನ್‌ಪ್ರಯಾಗ, ಗುಪ್ತಕಾಶಿ ಇಲ್ಲ" ಅಂದರು. ಯಾಕೆ ಅಂದರೆ ಯಾತ್ರೆಗೆ ಸರ್ಕಾರದಲ್ಲಿ ಮಾಡಿಸುವ ನೋಂದಣಿಯ ಚೀಟಿಯಲ್ಲಿ ಕೇದಾರದ ದಿನಾಂಕ ಎರಡು ದಿನ ಮುಂಚಿನದಾಗಿತ್ತು. ಈ ವರ್ಷ ಆರಂಭದಲ್ಲೇ ಎಷ್ಟು ಜನ ನುಗ್ಗಿದರು ಅಂತ ನಿಮಗೆ ಗೊತ್ತು. ನೋಂದಾಯಿಸಿದ ದಿನಕ್ಕೇ ಬರಬೇಕು ಅಂತ ಅಲ್ಲಿನ ಸರ್ಕಾರ ಬಿಗಿ ಮಾಡಿತ್ತು, ಪೊಲೀಸರು ಚೀಟಿ ನೋಡಿಯೇ ಬಿಡುತ್ತಿದ್ದರು. ಅದು ಸರಿಯಾದ ಕ್ರಮವೇ. ನೋಂದಣಿ ಮಾಡಿದ್ದು ನಾವಲ್ಲ, ನಿಮ್ಮ ಕಚೇರಿ. ನಮ್ಮ ಆಧಾರ್ ಪ್ರತಿ, ಫೋಟೋ ತೆಗೆದುಕೊಂಡು ತಲೆಗೆ 500 ರೂಪಾಯಿ "ನೋಂದಣಿ ಶುಲ್ಕ" ಅಂತ ರಸೀದಿಯನ್ನೂ ಹರಿದಿದ್ದೀರಿ. ಉತ್ತರಾಖಂಡ ಸರ್ಕಾರ ಆ ನೋಂದಣಿಯನ್ನು ಉಚಿತವಾಗಿ ಮಾಡಿಕೊಡುತ್ತಿತ್ತು. ನೀವು ಸೇವೆಗೆ ಅಂತ ತಗೊಂಡಿದ್ದರೆ ಹಾಗೇ ಬರೆಯಬಹುದಿತ್ತು ಅಲ್ವಾ? ಸರ್ಕಾರದ ಶುಲ್ಕ ಅಂತ ನಂಬಿಸಿ ದುಡ್ಡು ತಗೊಂಡು, ದಿನಾಂಕವನ್ನೂ ತಪ್ಪಾಗಿ ಹಾಕಿದ್ದೀರಿ.

ಬೆಳಗಿನ ಜಾವ ಹೊರಟ ಬಸ್ಸು ಜಾಮ್‌ನಲ್ಲಿ ಸಿಕ್ಕಿಕೊಂಡು, ಗೌರಿಕುಂಡಕ್ಕೆ ಹತ್ತಿರದ ಸೋನ್‌ಪ್ರಯಾಗ ಮುಟ್ಟುವಷ್ಟರಲ್ಲಿ ರಾತ್ರಿ ಹತ್ತು ದಾಟಿತ್ತು. ಇಡೀ ದಿನ ಕೂತು ಅಮ್ಮನ ಕಾಲು ಊದಿಕೊಂಡಿತ್ತು. ಮಲಗಿ ಮೂರು ಗಂಟೆ ಆಗಿರಲಿಲ್ಲ, ಬಾಗಿಲು ಬಡಿದು ಎಬ್ಬಿಸಿದರು. ಹೆಲಿಕಾಪ್ಟರ್ ಎಲ್ಲಿ ಅಂತ ಕೇಳಿದರೆ "ಟಿಕೆಟ್ ಆಗಿಲ್ಲ, ಕುದುರೆ ಮಾಡಿಸ್ತೀವಿ" ಅಂದರು.

ಆ ಟಿಕೆಟ್ ವಿಷಯಕ್ಕೆ ಬರೋಣ. ಅಮ್ಮ, ದೊಡ್ಡಪ್ಪ ಇಬ್ಬರಿಗೂ ತಲಾ 14,000 ರೂಪಾಯಿ ತಗೊಂಡಿದ್ದೀರಿ. ಕೇದಾರದ ಹೆಲಿಕಾಪ್ಟರ್ ಟಿಕೆಟ್ ಸಿಗುವುದು ಐಆರ್‌ಸಿಟಿಸಿಯ ಹೆಲಿಯಾತ್ರಾ ಜಾಲತಾಣದಲ್ಲಿ ಮಾತ್ರ. ಯಾತ್ರಿಯ ನೋಂದಣಿ ಸಂಖ್ಯೆ ಹಾಕದೆ ಅಲ್ಲಿ ಟಿಕೆಟ್ ಆಗುವುದಿಲ್ಲ. ಫಾಟಾದಿಂದ ಹೋಗಿ ಬರುವ ದರ 2024ರ ಯಾತ್ರೆಗೆ ಆರು ಸಾವಿರದ ಆಸುಪಾಸು ಇತ್ತು. ನೋಂದಣಿ ಶುರುವಾಗಿದ್ದೇ ಏಪ್ರಿಲ್ ಮಧ್ಯದಲ್ಲಿ. ನೀವು ಮಾರ್ಚ್‌ನಲ್ಲೇ "ಹೆಲಿಕಾಪ್ಟರ್ ಖಾತ್ರಿ" ಅಂತ ಬರೆದು ದುಡ್ಡು ಇಸಕೊಂಡಿರಿ. ಆಗ ಯಾವ ಖಾತ್ರಿ ಇತ್ತು ನಿಮ್ಮ ಹತ್ತಿರ? ಟಿಕೆಟ್ ಆಗಲಿಲ್ಲ ಅನ್ನೋದು ನಿಮಗೆ ಏಪ್ರಿಲ್‌ನಲ್ಲೇ ಗೊತ್ತಾಗಿರಬೇಕು. ಅವತ್ತೇ ಹೇಳಿದ್ದರೆ ದೊಡ್ಡಪ್ಪನನ್ನು, ಅಮ್ಮನನ್ನು ಹೇಗೆ ಕರೆದುಕೊಂಡು ಹೋಗಬೇಕು ಅಂತ ನಾವೇ ಯೋಚಿಸುತ್ತಿದ್ದೆವು.

ಬುಕ್ ಮಾಡುವಾಗ ಅಮ್ಮನಿಗೆ 68, ಬಿಪಿ ಮಾತ್ರೆ ತಗೊಳ್ತಾರೆ, ಡಾಕ್ಟರಿಗೆ ತೋರಿಸಬೇಕಾ ಅಂತ ನಾನು ನಿಮ್ಮ ಕಚೇರಿಯಲ್ಲೇ ಕೇಳಿದ್ದೆ. "ಮಲೆನಾಡಿನವರಿಗೆ ಬೆಟ್ಟ ಹೊಸದಾ ಮೇಡಂ? ಕೊಡಚಾದ್ರಿ ಹತ್ತಿದವರಿಗೆ ಕೇದಾರ ಏನೂ ಅಲ್ಲ" ಅಂದರು ಅಲ್ಲಿ ಕೂತಿದ್ದವರು. ನಾನು ಸುಮ್ಮನಾಗದೆ ನಮ್ಮೂರಿನ ಡಾಕ್ಟರ ಹತ್ತಿರ ತೋರಿಸಿಯೇ ಕರೆದುಕೊಂಡು ಹೋದೆ, ಅದು ಬೇರೆ. ಆದರೆ ಇಂಥ ಮಾತು ಹೇಳಿ ಟಿಕೆಟ್ ಮಾರುವುದು ಅಪಾಯ. ಕೊಡಚಾದ್ರಿ ಇರುವುದು 1,343 ಮೀಟರ್. ಕರ್ನಾಟಕದಲ್ಲೇ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಅಷ್ಟೇ. ಕೇದಾರದ ನಡಿಗೆ ಶುರುವಾಗುವ ಗೌರಿಕುಂಡವೇ ಹೆಚ್ಚೂ ಕಡಿಮೆ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿದೆ. ಅಲ್ಲಿಂದ ಇನ್ನೂ 16 ಕಿಲೋಮೀಟರ್ ಹತ್ತಿ 3,583 ಮೀಟರ್‌ಗೆ ಹೋಗಬೇಕು. ಅಲ್ಲಿ ಗಾಳಿ ತೆಳು. ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರದ ದಂಡೆಯಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ. ಇದಕ್ಕೆ ಕಾಲಿನ ಕಸುವು ಸಾಲದು, ಮೈ ಹೊಂದಿಕೊಳ್ಳಲು ದಿನ ಬೇಕು. ದಿನಾ ತೋಟದಲ್ಲಿ ಓಡಾಡುವ ಗಟ್ಟಿ ಆಳಿಗೂ ಅಲ್ಲಿ ತಲೆ ಸುತ್ತಬಹುದು.

ಉತ್ತರಾಖಂಡ ಸರ್ಕಾರ ಯಾತ್ರಿಗಳಿಗೆ ಕೊಡುವ ಆರೋಗ್ಯ ಸೂಚನೆಯಲ್ಲೇ ಇದೆಲ್ಲ ಇದೆ. ಯಾತ್ರೆಗೆ ಕನಿಷ್ಠ 7 ದಿನ ಇಟ್ಟುಕೊಳ್ಳಿ, ಮೈ ಹೊಂದಿಕೊಳ್ಳಲು ಬಿಡಿ, 55 ದಾಟಿದವರು, ಬಿಪಿ, ಸಕ್ಕರೆ, ಹೃದಯದ ತೊಂದರೆ, ಆಸ್ತಮಾ ಇರುವವರು ಮೊದಲೇ ತಪಾಸಣೆ ಮಾಡಿಸಿಕೊಳ್ಳಿ ಅಂತ. ನಿಮ್ಮ ಸಂಸ್ಥೆಯಿಂದ ಯಾರ ಹತ್ತಿರವೂ ಒಂದು ಆರೋಗ್ಯದ ಅರ್ಜಿ ಕೂಡ ತುಂಬಿಸಿಕೊಂಡಿಲ್ಲ. ತಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರವತ್ತು ದಾಟಿದವರೇ ಇದ್ದರು.

ಅವತ್ತು ಆಗಿದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು, ನೀವು ಅಲ್ಲಿ ಇರಲಿಲ್ಲ. ನಿಮ್ಮ ಟೂರ್ ಮ್ಯಾನೇಜರ್ ಕೂಡ ಇರಲಿಲ್ಲ, ಅವರು ಸೋನ್‌ಪ್ರಯಾಗದಿಂದ ಮೇಲೆ ಬರಲೇ ಇಲ್ಲ. ನಮ್ಮ ಜೊತೆ ಕಳಿಸಿದ್ದು ಅಡುಗೆ ತಂಡದ ಇಬ್ಬರನ್ನು. ಭೀಮಬಲಿ ದಾಟುವವರೆಗೂ ಅಮ್ಮ ಕುದುರೆ ಮೇಲೆ ಕೂತು "ಮಂದಾಕಿನಿ ನೋಡು" ಅಂತ ನನಗೇ ತೋರಿಸುತ್ತಿದ್ದರು. ಲಿಂಚೋಲಿ ಹತ್ತಿರ ಬರುವಾಗ ತಲೆನೋವು ಅಂದರು. ಮೇಲೆ ಕೇದಾರದ ಬೇಸ್ ಕ್ಯಾಂಪಿನ ಟೆಂಟಿಗೆ ಬಂದು ಕೂತಾಗ ವಾಂತಿ ಶುರುವಾಯಿತು. ಟೂರ್ ಮ್ಯಾನೇಜರಿಗೆ ಫೋನ್ ಮಾಡಿದರೆ "ಗ್ಯಾಸ್ಟ್ರಿಕ್ ಇರಬೇಕು, ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಿ, ಬೆಳಿಗ್ಗೆ ಸರಿಹೋಗುತ್ತೆ" ಅಂದರು. ಚಳಿ ಅಂತ ಅಮ್ಮ ಸ್ವೆಟರ್ ಹಾಕಿಕೊಂಡರು. ಗುಂಡಿ ಹಾಕೋಕೆ ಹೋಗಿ ತಪ್ಪು ತೂತಿಗೆ ಹಾಕಿದರು. ತೆಗೆದು ಮತ್ತೆ ಹಾಕಿದರು, ಮತ್ತೆ ತಪ್ಪು. ಜೀವಮಾನವೆಲ್ಲ ಹೂ ಕಟ್ಟಿದ ಕೈ ಅದು, ಕತ್ತಲಲ್ಲೂ ಮಾಲೆ ಕಟ್ಟುತ್ತಾರೆ. ನೋಡ್ತಾ ನೋಡ್ತಾ ನನಗೆ ಕೈಕಾಲು ತಣ್ಣಗಾಯಿತು. ನಿಲ್ಲಿಸಿದರೆ ವಾಲುತ್ತಿದ್ದರು.

ಅಡುಗೆಯ ಹುಡುಗನೇ ಓಡಿ ಹೋಗಿ ವೈದ್ಯಕೀಯ ಶಿಬಿರ ಎಲ್ಲಿದೆ ಅಂತ ಕೇಳಿಕೊಂಡು ಬಂದ. ತನ್ನ ಜರ್ಕಿನ್ ಬಿಚ್ಚಿ ಅಮ್ಮನಿಗೆ ಹೊದಿಸಿ, ಒಂದು ಕಡೆ ಹಿಡಿದುಕೊಂಡು ಬಂದವನೂ ಅವನೇ. ಸಾಗರದ ಕಡೆಯ ಹುಡುಗ. ನಿಮ್ಮ ಸಂಸ್ಥೆಯ ಪರವಾಗಿ ಅವತ್ತು ಜವಾಬ್ದಾರಿ ಹೊತ್ತವನು ಅವನೊಬ್ಬನೇ. ಅವನಿಗೆ ಸಂಬಳ ಜಾಸ್ತಿ ಮಾಡಿ ಅಂತ ಮನಸಾರೆ ಹೇಳುತ್ತಿದ್ದೇನೆ.

ಬೆರಳಿಗೆ ಯಂತ್ರ ಹಾಕಿದರೆ ಆಮ್ಲಜನಕ ಎಪ್ಪತ್ತರ ಒಳಗೆ ತೋರಿಸಿತು. ಎತ್ತರದ ಕಾಯಿಲೆ ಜೋರಾಗಿದೆ, ಮಿದುಳಿಗೆ ಊತ ಬರುವ ಲಕ್ಷಣ ಇದೆ, ಆಮ್ಲಜನಕ ಕೊಡ್ತೀವಿ, ಆದರೆ ಇದಕ್ಕೆ ನಿಜವಾದ ಮದ್ದು ಕೆಳಗೆ ಇಳಿಸೋದೇ ಅಂದರು ಅಲ್ಲಿನ ಡಾಕ್ಟರ್. ರಾತ್ರಿಯೆಲ್ಲ ಆಮ್ಲಜನಕ ಕೊಟ್ಟರು. ಬೆಳಕು ಹರಿದ ಕೂಡಲೇ ಡೋಲಿ ಮಾಡಿ ಇಳಿಸಿದೆವು. ಗೌರಿಕುಂಡಕ್ಕೆ ಬರುವಷ್ಟರಲ್ಲಿ ವಾಂತಿ ನಿಂತು, ಮಾತು ಸರಿಯಾಗಿತ್ತು. ತಲೆನೋವಿನ ಮಾತ್ರೆ ಕೊಟ್ಟು ಮಲಗಿಸಿದ್ದರೆ ಏನಾಗುತ್ತಿತ್ತು ಅಂತ ನೀವೇ ಯೋಚಿಸಿ.

ದೇವಸ್ಥಾನ ಮೇಲಿನ ಆ ಶಿಬಿರದಿಂದ ಹತ್ತಿರವೇ ಇತ್ತು. ಅಮ್ಮನಿಗೆ ಇದು ಎಂಥಾ ಆಸೆ ಅಂತ ನಿಮಗೆ ಗೊತ್ತಿರಬೇಕು, ಅದನ್ನೇ ನಿಮ್ಮ ಕರಪತ್ರದಲ್ಲಿ ಅಚ್ಚು ಹಾಕಿದ್ದೀರಿ. ಕೇದಾರದ ರಾವಲರು, ಅಂದರೆ ಅಲ್ಲಿನ ಮುಖ್ಯ ಗುರುಗಳು, ಕರ್ನಾಟಕದ ವೀರಶೈವ ಪರಂಪರೆಯವರು, ನಮ್ಮ ಬಾಳೆಹೊನ್ನೂರಿನ ರಂಭಾಪುರಿಯಂತೆ ಕೇದಾರವೂ ಪಂಚಪೀಠಗಳಲ್ಲಿ ಒಂದು ಅಂತ ಬರೆದಿದ್ದೀರಿ. ಶೃಂಗೇರಿಯಲ್ಲಿ ಪೀಠ ಸ್ಥಾಪಿಸಿದ ಶಂಕರಾಚಾರ್ಯರ ಸಮಾಧಿ ಅಲ್ಲಿದೆ, 2021ರಲ್ಲಿ ಅನಾವರಣವಾದ ಅವರ ಮೂರ್ತಿ ಕೆತ್ತಿದ್ದು ಮೈಸೂರಿನ ಅರುಣ್ ಯೋಗಿರಾಜ್ ಅಂತಲೂ ಬರೆದಿದ್ದೀರಿ. ಎಲ್ಲವೂ ನಿಜ. ಅದನ್ನು ಓದಿಯೇ ಅಮ್ಮ ಹೊರಟಿದ್ದು. ಚಿಕ್ಕ ವಯಸ್ಸಿನಿಂದ ಶೃಂಗೇರಿಗೆ ಹೋಗುತ್ತಿದ್ದವರಿಗೆ ಆ ಸಮಾಧಿ ಮುಂದೆ ಒಮ್ಮೆ ಕೈಮುಗಿಯಬೇಕು ಅಂತಿತ್ತು. ಈ ಭಕ್ತಿ ತೋರಿಸಿ ಜನರನ್ನು ಕರೆಯುತ್ತೀರಿ. ಕರೆದ ಮೇಲೆ ಅವರನ್ನು ಅಲ್ಲಿವರೆಗೆ ಕ್ಷೇಮವಾಗಿ ಮುಟ್ಟಿಸುವ ಕೆಲಸ ನಿಮ್ಮದಲ್ವಾ? ಊರಿಗೆ ಬಂದಾಗಿನಿಂದ ಅಮ್ಮ "ನನ್ನಲ್ಲೇ ಏನೋ ದೋಷ ಇತ್ತು, ಅದಕ್ಕೇ ಕರೆಸಿಕೊಳ್ಳಲಿಲ್ಲ" ಅಂತ ಕೊರಗುತ್ತಿದ್ದಾರೆ. ಟೂರ್ ಮ್ಯಾನೇಜರ್ ಬಸ್ಸಿನಲ್ಲಿ ಎಲ್ಲರೆದುರು ಇದೇ ಮಾತು ಆಡಿದ್ದರು. ದುಡ್ಡು ಹೋದರೆ ಹೋಗಲಿ ಅಂತ ಬಿಟ್ಟೇನು, ಈ ಮಾತನ್ನು ಮಾತ್ರ ಬಿಡಲ್ಲ.

ನಾನು ಕೇಳುವುದು ಇಷ್ಟು. ಹೆಲಿಕಾಪ್ಟರಿಗೆ ಅಂತ ತಗೊಂಡ 28,000 ರೂಪಾಯಿ ಪೂರ್ತಿ ವಾಪಸ್ ಕೊಡಿ. ಕುದುರೆ ಖರ್ಚು ಅದರಲ್ಲಿ ಕಳೆಯುತ್ತೇನೆ ಅಂತ ಫೋನಿನಲ್ಲಿ ಹೇಳಿದಿರಿ, ಆ ಕುದುರೆಗೂ ನಾವೇ ಕೈಯಿಂದ ಕೊಟ್ಟಿದ್ದೇವೆ. ಅಮ್ಮನನ್ನು ಇಳಿಸಲು ಡೋಲಿಗೆ ಕೊಟ್ಟ 9,000 ರೂಪಾಯಿ ಕೊಡಿ. ಉಳಿಯದೇ ಇದ್ದ ಗುಪ್ತಕಾಶಿಯ ಎರಡು ರಾತ್ರಿಯ ರೂಮಿನ ದುಡ್ಡು, ನೋಂದಣಿ ಶುಲ್ಕ ಅಂತ ತಗೊಂಡಿದ್ದು, ಇವೆರಡನ್ನೂ ನಮಗೊಬ್ಬರಿಗೇ ಅಲ್ಲ, ತಂಡದ ಎಲ್ಲರಿಗೂ ಹಿಂದಿರುಗಿಸಿ. ಅಮ್ಮನಿಗೆ ನೀವೇ ಒಂದು ಪತ್ರ ಬರೆಯಿರಿ, ದರ್ಶನ ತಪ್ಪಿದ್ದು ಸಂಸ್ಥೆಯ ಕಡೆಯಿಂದ ಆದ ತಪ್ಪು ಅಂತ. ನನ್ನ ಮಾತು ಅವರು ಕೇಳುತ್ತಿಲ್ಲ, ನೀವು ಬರೆದರೆ ನಂಬುತ್ತಾರೆ.

ಇನ್ನೊಂದು ವಿಷಯ ಇದಕ್ಕಿಂತ ತುರ್ತಾದದ್ದು. ಮಳೆಗಾಲ ಮುಗಿದ ಮೇಲೆ ಹೊರಡುವ ನಿಮ್ಮ ಮುಂದಿನ ತಂಡಕ್ಕೆ ನಮ್ಮ ಬೀದಿಯವರೇ ಹೆಸರು ಕೊಟ್ಟಿದ್ದಾರೆ. ಅದರಲ್ಲಿ ಒಬ್ಬರಿಗೆ ಆಸ್ತಮಾ ಇದೆ. ಅವರ ಹಾಳೆ ನೋಡಿದೆ. ಗುಪ್ತಕಾಶಿಯ ವಿಶ್ರಾಂತಿಯ ದಿನವನ್ನು ಈ ಸಲ ಮೊದಲೇ ತೆಗೆದುಹಾಕಿದ್ದೀರಿ. ದಯವಿಟ್ಟು ಅದನ್ನು ವಾಪಸ್ ಸೇರಿಸಿ, ಗೌರಿಕುಂಡದಲ್ಲಿ ಒಂದು ರಾತ್ರಿ ಇಡಿ. ಹತ್ತುವವರ ಜೊತೆ ಎತ್ತರದ ಕಾಯಿಲೆ ಏನು ಅಂತ ಗೊತ್ತಿರುವ, ಹಿಂದಿ ಬರುವ ಒಬ್ಬರಾದರೂ ಮೇಲಿನವರೆಗೆ ಹೋಗಲಿ. ಬೆರಳಿಗೆ ಹಾಕುವ ಯಂತ್ರ ಅವರ ಕೈಯಲ್ಲಿರಲಿ. ಹೊರಡುವ ಮೊದಲು ಎಲ್ಲರಿಂದಲೂ ಡಾಕ್ಟರ ಚೀಟಿ ಕೇಳಿ. ನೋಂದಣಿ ಚೀಟಿಯ ಪ್ರತಿಯನ್ನು ಒಂದು ತಿಂಗಳು ಮುಂಚೆ ಯಾತ್ರಿಗಳ ಕೈಗೆ ಕೊಡಿ, ದಿನಾಂಕ ಅವರೇ ನೋಡಿಕೊಳ್ಳಲಿ. ಟಿಕೆಟ್ ಕೈಗೆ ಬರುವ ತನಕ ಹೆಲಿಕಾಪ್ಟರಿನ ಹೆಸರಲ್ಲಿ ಯಾರ ಹತ್ತಿರವೂ ದುಡ್ಡು ಮುಟ್ಟಬೇಡಿ.

ಕಾರ್ಯಕ್ರಮದ ಹಾಳೆ, ರಸೀದಿಗಳು, ವೈದ್ಯಕೀಯ ಶಿಬಿರದ ಚೀಟಿ, ಡೋಲಿಯ ರಸೀದಿ ಎಲ್ಲದರ ಪ್ರತಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಪತ್ರ ತಲುಪಿದ 15 ದಿನದೊಳಗೆ ಬರವಣಿಗೆಯಲ್ಲೇ ಉತ್ತರ ಕೊಡಿ. ಬರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸೇವಾ ನ್ಯೂನತೆಯ ದೂರು ಕೊಡುತ್ತೇನೆ. 5 ಲಕ್ಷದೊಳಗಿನ ದೂರಿಗೆ ಅಲ್ಲಿ ಶುಲ್ಕ ಇಲ್ಲ, ವಕೀಲರನ್ನು ಇಡಲೇಬೇಕು ಅಂತಲೂ ಇಲ್ಲ. ತಂಡದ ಉಳಿದವರ ಜೊತೆ ಮಾತಾಡಿದ್ದೇನೆ, ಅವರೂ ಸಹಿ ಹಾಕಲು ಒಪ್ಪಿದ್ದಾರೆ.

ಇಂತಿ,
ಮೇ ತಿಂಗಳ ತಂಡದ ಯಾತ್ರಿ
ತೀರ್ಥಹಳ್ಳಿ